ಟಿಕೆಟ್ ಇಲ್ಲದೆ ರೈಲು ಹತ್ತುವುದು ಯಾಕೆ, ಸಿಕ್ಕಿಬಿದ್ದರೆ ಟಿಟಿ ಏನು ಮಾಡಬಹುದು?

ಓದುಗರ ಪ್ರಶ್ನೆ: ನಾನು ವಾರಕ್ಕೆ ಆರು ದಿನ ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುತ್ತೇನೆ. ತಿಂಗಳ ಪಾಸ್ ಇದೆ. ನನ್ನ ಪಕ್ಕದಲ್ಲೇ ನಿಂತು ಬರುವ ಕೆಲವರು ಟಿಕೆಟ್ ತೆಗೆದುಕೊಳ್ಳುವುದೇ ಇಲ್ಲ. ಬಸ್ಸಿಗಿಂತ ರೈಲು ಎಷ್ಟೋ ಅಗ್ಗ, ಆದರೂ ಯಾಕೆ ಹೀಗೆ? ಸಿಕ್ಕಿಬಿದ್ದರೆ ಟಿಟಿ ನಿಜವಾಗಿ ಏನು ಮಾಡಬಹುದು? ದಾರಿಯಲ್ಲೇ ಇಳಿಸಬಹುದಾ? ಜೈಲಿಗೆ ಕಳಿಸಬಹುದಾ?

ಉತ್ತರ: ಕೊನೆಯ ಎರಡು ಪ್ರಶ್ನೆಗೆ ಮೊದಲೇ ಹೇಳಿಬಿಡುತ್ತೇನೆ. ಇಳಿಸಬಹುದು, ಆದರೆ ಎಲ್ಲರನ್ನೂ ಎಲ್ಲಿ ಬೇಕಾದರೂ ಅಲ್ಲ. ಜೈಲೂ ಆಗಬಹುದು, ಆದರೆ ಅದನ್ನು ತೀರ್ಮಾನಿಸುವುದು ಟಿಟಿ ಅಲ್ಲ, ಮ್ಯಾಜಿಸ್ಟ್ರೇಟ್. ಇನ್ನು ಜನ ಯಾಕೆ ಟಿಕೆಟ್ ತೆಗೆಯುವುದಿಲ್ಲ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ.

2023–24ರ ಒಂದೇ ವರ್ಷದಲ್ಲಿ ದೇಶದಾದ್ಯಂತ ಸುಮಾರು 3.61 ಕೋಟಿ ಜನ ಟಿಕೆಟ್ ಇಲ್ಲದೆ ಅಥವಾ ಸರಿಯಾದ ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರು. ಅವರಿಂದ ವಸೂಲಾದದ್ದು 2,231.74 ಕೋಟಿ ರೂಪಾಯಿ. ಭಾಗಿಸಿ ನೋಡಿದರೆ ತಲೆಗೆ 618 ರೂಪಾಯಿಯಷ್ಟು. ಈ 3.61 ಕೋಟಿ ಜನರೆಲ್ಲ ಮೋಸ ಮಾಡಲೆಂದೇ ಹತ್ತಿದವರಲ್ಲ. ಜನರಲ್ ಟಿಕೆಟ್ ಹಿಡಿದು ಸ್ಲೀಪರ್‌ನಲ್ಲಿ ಕೂತವರು, ಟಿಕೆಟ್ ಇರುವ ಊರು ದಾಟಿ ಮುಂದೆ ಹೋದವರು, ವೇಟಿಂಗ್ ಲಿಸ್ಟ್ ಕನ್ಫರ್ಮ್ ಆಗದಿದ್ದರೂ ಹತ್ತಿದವರು ಎಲ್ಲರೂ ಇದರಲ್ಲಿದ್ದಾರೆ.

ನಿಮ್ಮ ಪಕ್ಕ ನಿಲ್ಲುವವರ ವಿಷಯಕ್ಕೆ ಬರೋಣ. ದಿನಾ ಓಡಾಡುತ್ತಾ ಟಿಕೆಟ್ ತೆಗೆಯದವರು ಸಾಮಾನ್ಯವಾಗಿ ಲೆಕ್ಕ ಹಾಕಿಯೇ ಹಾಗೆ ಮಾಡುತ್ತಾರೆ. ಒಂದು ಕಡೆಯ ಟಿಕೆಟ್ 30 ರೂಪಾಯಿ ಅಂತ ಇಟ್ಟುಕೊಳ್ಳಿ. ಹೋಗಿ ಬರಲು 60. ತಿಂಗಳಿಗೆ 26 ದಿನ ಅಂದರೆ 1,560 ರೂಪಾಯಿ. ಸಿಕ್ಕಿಬಿದ್ದರೆ ಟಿಕೆಟ್ ದರ 30, ಅದರ ಮೇಲೆ ಕನಿಷ್ಠ ದಂಡ 250, ಒಟ್ಟು 280. ತಿಂಗಳಲ್ಲಿ ಐದು ಸಲ ಸಿಕ್ಕಿಬಿದ್ದರೂ ಕೊಡಬೇಕಾದದ್ದು 1,400. ಐದು ಸಲ ಯಾರು ಹಿಡಿಯುತ್ತಾರೆ? ಈ ಧೈರ್ಯದ ಮೇಲೇ ಅವರು ಹತ್ತುವುದು. 1992ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ತಪ್ಪು ಮಾಡುವವರ ಮನಸ್ಸನ್ನು ಹೀಗೇ ವಿವರಿಸಿದ್ದರು. ಸಿಕ್ಕಿಬೀಳುವ ಸಾಧ್ಯತೆ ಎಷ್ಟು, ಸಿಕ್ಕರೆ ನಷ್ಟ ಎಷ್ಟು, ಇವೆರಡನ್ನೂ ಗುಣಿಸಿ ನೋಡುತ್ತಾರೆ ಅಂತ. ಆ 250 ರೂಪಾಯಿ ಸುಮಾರು 20 ವರ್ಷಗಳಿಂದ ಹಾಗೇ ಇದೆ. ಅಂದು ಅದು ದೊಡ್ಡ ಮೊತ್ತ. ಇಂದು ಬೆಂಗಳೂರಿನಲ್ಲಿ ಒಂದು ಆಟೋ ಬಾಡಿಗೆ.

ಆದರೆ ಈ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಅವರು ಬಿಡಿ ಟಿಕೆಟ್ ದರವನ್ನು ಕೂಡಿಸುತ್ತಾರೆ, ಪಾಸ್ ದರವನ್ನಲ್ಲ. ನಿಮ್ಮ ಹಾಗೆ ತಿಂಗಳ ಪಾಸ್ ಮಾಡಿಸಿದರೆ ಖರ್ಚು ಬಿಡಿ ಟಿಕೆಟ್‌ಗಳ ಮೊತ್ತದ ಅರ್ಧಕ್ಕಿಂತ ಕಡಿಮೆ. ಆಗ ತಿಂಗಳಿಗೆ ಎರಡು ಮೂರು ಸಲ ಸಿಕ್ಕಿಬಿದ್ದರೆ ಸಾಕು, ಉಳಿತಾಯ ಹೆಚ್ಚುಕಡಿಮೆ ಸೊನ್ನೆ. ನಿಮ್ಮ ಪಕ್ಕದವರಿಗೆ ಈ ಲೆಕ್ಕವನ್ನು ಒಮ್ಮೆ ಹೇಳಿ ನೋಡಿ. ನೀತಿ ಹೇಳುವುದಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಇನ್ನು ಕೆಲವರ ವಾದ ಬೇರೆ. "ಕೂರೋಕೆ ಜಾಗ ಇಲ್ಲ, ಒಂಟಿ ಕಾಲಲ್ಲಿ ನಿಂತು ಬರ್ತೀನಿ, ಇದಕ್ಕೂ ದುಡ್ಡು ಕೊಡಬೇಕಾ?" ಅನ್ನುತ್ತಾರೆ. ಈ ಸಿಟ್ಟಿನಲ್ಲಿ ನ್ಯಾಯ ಇದೆ ಅಂತ ನನಗೂ ಅನ್ನಿಸುತ್ತದೆ. ಜನರಲ್ ಬೋಗಿಯ ನೂಕುನುಗ್ಗಲು ಕಂಡವರಿಗೆ ಅದು ಅರ್ಥವಾಗುತ್ತದೆ. ಆದರೆ ಟಿಕೆಟ್ ತೆಗೆಯದೆ ಆ ಸಿಟ್ಟು ತೀರಿಸಿಕೊಂಡರೆ ಏಟು ಬೀಳುವುದು ನಮಗೇ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಎಷ್ಟು ಜನ ಇದ್ದರು ಅನ್ನುವುದಕ್ಕೆ ರೈಲ್ವೆ ಬಳಿ ಇರುವ ದಾಖಲೆ ಅಂದರೆ ಮಾರಾಟವಾದ ಟಿಕೆಟ್. ನಾನೂರು ಜನ ಹತ್ತಿ ಇನ್ನೂರು ಟಿಕೆಟ್ ಹೋದರೆ, ಕಾಗದದ ಮೇಲೆ ಆ ಊರಿನಿಂದ ಇನ್ನೂರೇ ಜನ.

ತೆಲಂಗಾಣದ ವಾರಂಗಲ್ ಜಿಲ್ಲೆಯ ನೆಕ್ಕೊಂಡದವರಿಗೆ ಇದು ಚೆನ್ನಾಗಿ ಗೊತ್ತು. ಅವರ ಊರಿನಲ್ಲಿ ಪದ್ಮಾವತಿ ಎಕ್ಸ್‌ಪ್ರೆಸ್‌ಗೆ ತಾತ್ಕಾಲಿಕ ನಿಲುಗಡೆ ಸಿಕ್ಕಿತು. ಟಿಕೆಟ್ ಮಾರಾಟದಿಂದ ಸಾಕಷ್ಟು ಆದಾಯ ಬಂದರೆ ಮಾತ್ರ ಅದು ಉಳಿಯುತ್ತದೆ ಅನ್ನುವುದು ಷರತ್ತು. ಊರಿನವರು ವಾಟ್ಸಾಪ್ ಗುಂಪು ಕಟ್ಟಿ, ಹಣ ಕೂಡಿಸಿ, ಪ್ರಯಾಣ ಮಾಡದಿದ್ದರೂ ಟಿಕೆಟ್ ಕೊಳ್ಳಲು ಶುರು ಮಾಡಿದರು. ನಮ್ಮ ಕಡೆಯೂ ಎಷ್ಟೋ ಊರುಗಳು ಒಂದು ನಿಲುಗಡೆಗಾಗಿ ವರ್ಷಗಟ್ಟಲೆ ಮನವಿ ಕೊಡುತ್ತಾ ಇರುತ್ತವೆ. ಅಂಥ ಊರಿನವರೇ ಟಿಕೆಟ್ ಇಲ್ಲದೆ ಹತ್ತಿದರೆ ಮನವಿಗೆ ಬಲ ಎಲ್ಲಿಂದ ಬರಬೇಕು?

ರೈಲು ನಿಲ್ದಾಣದ ರಚನೆಯೂ ಒಂದು ಕಾರಣ. ನಮ್ಮ ಮೆಟ್ರೋದಲ್ಲಿ ಟೋಕನ್ ಅಥವಾ ಕಾರ್ಡ್ ತೋರಿಸದಿದ್ದರೆ ಗೇಟ್ ತೆರೆಯುವುದಿಲ್ಲ. ರೈಲು ನಿಲ್ದಾಣ ಹಾಗಲ್ಲ, ಎಲ್ಲ ಕಡೆಯಿಂದಲೂ ತೆರೆದೇ ಇದೆ. ಸಣ್ಣ ಊರಿನಲ್ಲಂತೂ ಪ್ಲಾಟ್‌ಫಾರ್ಮಿನ ತುದಿಯಿಂದ ನಡೆದು ಹೊರಟರೆ ಕೇಳುವವರೇ ಇಲ್ಲ. ದೊಡ್ಡ ಊರು ಹತ್ತಿರ ಬಂದಾಗ ಔಟರ್ ಸಿಗ್ನಲ್‌ನಲ್ಲಿ ರೈಲು ನಿಂತರೆ ಅಲ್ಲೇ ಹಾರಿ ಹಳಿ ದಾಟುವವರಿದ್ದಾರೆ. 250 ರೂಪಾಯಿ ದಂಡಕ್ಕೆ ಹೆದರಿ ಜೀವ ಪಣಕ್ಕಿಡುವುದು ಅದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಮೋಸದ ಯೋಚನೆಯೇ ಇಲ್ಲದೆ ಸಿಕ್ಕಿಬೀಳುವವರೂ ತುಂಬಾ ಜನ. ಅಂಥವರಿಗಾಗಿಯೇ ಮುಂದಿನ ಕೆಲವು ಮಾತು. ಆನ್‌ಲೈನ್‌ನಲ್ಲಿ ತೆಗೆದ ವೇಟಿಂಗ್ ಲಿಸ್ಟ್ ಟಿಕೆಟ್ ಚಾರ್ಟ್ ತಯಾರಾದ ಮೇಲೂ ವೇಟಿಂಗ್‌ನಲ್ಲೇ ಉಳಿದರೆ ತಾನಾಗಿಯೇ ರದ್ದಾಗುತ್ತದೆ, ಹಣ ವಾಪಸ್ ಬರುತ್ತದೆ. ಆಮೇಲೆ ಅದನ್ನು ತೋರಿಸಿ ಹತ್ತಿದರೆ ಟಿಕೆಟ್ ಇಲ್ಲದವರ ಲೆಕ್ಕವೇ. ಜನರಲ್ ಟಿಕೆಟ್‌ಗೂ ಸಮಯದ ಮಿತಿ ಇದೆ. 199 ಕಿಲೋಮೀಟರ್‌ವರೆಗಿನ ಪ್ರಯಾಣವಾದರೆ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ, ಅಥವಾ ಆ ಕಡೆಗೆ ಹೋಗುವ ಮೊದಲ ರೈಲು ಹೊರಡುವವರೆಗೆ, ಯಾವುದು ತಡವೋ ಅಷ್ಟರೊಳಗೆ ಹೊರಡಬೇಕು. ಬೆಳಿಗ್ಗೆ ತೆಗೆದದ್ದು ಸಂಜೆಗೆ ನಡೆಯುವುದಿಲ್ಲ. ಜನರಲ್ ಟಿಕೆಟನ್ನು ಮೊಬೈಲ್‌ನಲ್ಲಿ ತೆಗೆದಿದ್ದರೆ ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ಆಗುವುದಿಲ್ಲ. ಮತ್ತೊಂದು ಗೊಂದಲ ಈಚಿನದು. ಶಕ್ತಿ ಯೋಜನೆಯ ಉಚಿತ ಪ್ರಯಾಣ ರಾಜ್ಯ ಸರ್ಕಾರದ ಬಸ್ಸುಗಳಿಗೆ ಮಾತ್ರ. ರೈಲಿನಲ್ಲಿ ಹೆಣ್ಣುಮಕ್ಕಳೂ ಟಿಕೆಟ್ ತೆಗೆಯಲೇಬೇಕು.

ಈಗ ಟಿಟಿಯ ಕೆಲಸ. ದಿನನಿತ್ಯದ ತಪಾಸಣೆ ನಿಮಗೆ ಗೊತ್ತೇ ಇದೆ. ರಿಸರ್ವೇಶನ್ ಬೋಗಿಗಳಲ್ಲಿ ಕೈಯಲ್ಲೊಂದು ಯಂತ್ರ ಹಿಡಿದು ಒಬ್ಬೊಬ್ಬರ ಹೆಸರು ನೋಡುತ್ತಾ ಹೋಗುತ್ತಾರೆ. ಒಬ್ಬರ ಪಾಲಿಗೆ ಹಲವು ಬೋಗಿಗಳು. ಕಾಲಿಡಲೂ ಜಾಗವಿಲ್ಲದ ಜನರಲ್ ಬೋಗಿಗೆ ಅವರು ಬರುವುದು ಅಪರೂಪ. ದಿನಾ ತಪ್ಪಿಸುವವರಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಆಗಾಗ ಸ್ಕ್ವಾಡ್, ಅಂದರೆ ತಪಾಸಣೆಯ ತಂಡ, ಬರುತ್ತದೆ. ನಿಲ್ದಾಣದ ಎಲ್ಲ ದಾರಿಗಳಲ್ಲೂ ಸಿಬ್ಬಂದಿ ನಿಂತು, ಹೊರಗೆ ಹೋಗುವ ಪ್ರತಿಯೊಬ್ಬರ ಟಿಕೆಟ್ ನೋಡುವುದನ್ನು ಫೋರ್ಟ್ರೆಸ್ ಚೆಕ್ ಅನ್ನುತ್ತಾರೆ, ಕೋಟೆ ಬಾಗಿಲು ಮುಚ್ಚಿದ ಹಾಗೆ. ನಡುದಾರಿಯಲ್ಲಿ ಯಾರೂ ಊಹಿಸದ ಕಡೆ ಒಟ್ಟಿಗೆ ಹತ್ತಿ ಹಿಡಿಯುವುದು ಆಂಬುಶ್ ಚೆಕ್. ಎಲ್ಲರೂ ಹೆದರುವುದು ಮ್ಯಾಜಿಸ್ಟ್ರೇಟ್ ಚೆಕ್‌ಗೆ. ಸ್ಕ್ವಾಡ್ ಜೊತೆ ರೈಲ್ವೆ ಪೊಲೀಸರು ಮತ್ತು ಮ್ಯಾಜಿಸ್ಟ್ರೇಟ್ ಕೂಡ ಬರುತ್ತಾರೆ, ಹಿಡಿದವರ ವಿಚಾರಣೆ ಆಗಲೇ ನಡೆಯುತ್ತದೆ. ನನ್ನ ಅನಿಸಿಕೆ ಏನೆಂದರೆ, ದಂಡ ಏರಿಸುವುದಕ್ಕಿಂತ ಇಂಥ ತಪಾಸಣೆ ಪದೇಪದೇ ಆಗುವುದು ಮುಖ್ಯ. "ಇವತ್ತು ಬಂದರೂ ಬರಬಹುದು" ಅಂತ ದಿನಾ ಅನ್ನಿಸಿದರೆ ಆ 1,400ರ ಲೆಕ್ಕ ತಲೆಕೆಳಗಾಗುತ್ತದೆ.

ಕಾನೂನಿನ ಮಾತು ಅಂದರೆ 1989ರ ರೈಲ್ವೆ ಕಾಯ್ದೆ. ಅದರಲ್ಲಿ ನನಗೆ ತುಂಬಾ ಹಿಡಿಸುವ ಒಂದು ಅಂಶ ಇದೆ. ಟಿಕೆಟ್ ಇಲ್ಲದವರನ್ನೆಲ್ಲ ಅದು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. 138ನೇ ಸೆಕ್ಷನ್ ಟಿಕೆಟ್ ತೋರಿಸಲಾಗದ ಎಲ್ಲರಿಗೂ. ಪ್ರಯಾಣದ ದರ ಕೊಡಬೇಕು, ಅದರ ಮೇಲೆ ಅಷ್ಟೇ ಮೊತ್ತ ಅಥವಾ 250 ರೂಪಾಯಿ, ಯಾವುದು ಜಾಸ್ತಿಯೋ ಅದನ್ನು ಕೊಡಬೇಕು. ಎಲ್ಲಿ ಹತ್ತಿದಿರಿ ಅನ್ನುವುದರ ಬಗ್ಗೆ ಅನುಮಾನ ಇದ್ದರೆ ರೈಲು ಹೊರಟ ಊರಿನಿಂದಲೇ ದರ ಹಿಡಿಯುತ್ತಾರೆ. ನಡುವೆ ಟಿಕೆಟ್ ತಪಾಸಣೆ ಆಗಿದ್ದರೆ ಕೊನೆಯ ಸಲ ಆದ ಜಾಗದಿಂದ. ದೂರದಿಂದ ಬರುವ ರೈಲಿನಲ್ಲಿ ಎರಡು ಸ್ಟೇಶನ್ ಅಷ್ಟೇ ಬಂದವರಿಗೂ ದೊಡ್ಡ ಮೊತ್ತ ಬೀಳುವುದು ಹೀಗೆ. ಕೊಡಲು ಒಪ್ಪದಿದ್ದರೆ ವಿಷಯ ಮ್ಯಾಜಿಸ್ಟ್ರೇಟ್ ಮುಂದೆ ಹೋಗುತ್ತದೆ. ಅಲ್ಲೂ ಕಟ್ಟದಿದ್ದರೆ 10 ದಿನದಿಂದ ಒಂದು ತಿಂಗಳವರೆಗೆ ಜೈಲು ಆಗಬಹುದು.

137ನೇ ಸೆಕ್ಷನ್ ಬೇರೆ. ಅದು ಮೋಸ ಮಾಡುವ ಉದ್ದೇಶದಿಂದಲೇ ಹತ್ತಿದವರಿಗೆ, ಅಥವಾ ಒಮ್ಮೆ ಬಳಸಿದ ಟಿಕೆಟ್ ಮತ್ತೆ ಬಳಸುವವರಿಗೆ. ಆರು ತಿಂಗಳವರೆಗೆ ಜೈಲು, ಅಥವಾ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಶೇಷ ಕಾರಣ ಇಲ್ಲದಿದ್ದರೆ ದಂಡ 500ಕ್ಕಿಂತ ಕಡಿಮೆ ಆಗುವಂತಿಲ್ಲ. ಮರೆತವರಿಗೂ ಮೋಸ ಮಾಡಿದವರಿಗೂ ನಡುವೆ ಕಾಯ್ದೆ ಗೆರೆ ಎಳೆದಿದೆ. ಆ ಗೆರೆಯ ಯಾವ ಕಡೆ ನೀವಿದ್ದೀರಿ ಅಂತ ಮೊದಲು ನೋಡುವುದು ಎದುರು ನಿಂತ ಟಿಟಿ. ಅದಕ್ಕೇ ಆ ಕ್ಷಣದ ನಿಮ್ಮ ಮಾತು, ನಡವಳಿಕೆ ಎರಡೂ ಮುಖ್ಯ.

ಇಳಿಸುವ ವಿಷಯ 139ನೇ ಸೆಕ್ಷನ್‌ನಲ್ಲಿದೆ. ಹಣ ಕೊಡದವರನ್ನು ಇಳಿಸಬಹುದು. ಆದರೆ ಜೊತೆಗೆ ಗಂಡಸರಿಲ್ಲದೆ ಬರುತ್ತಿರುವ ಹೆಂಗಸನ್ನಾಗಲಿ ಮಗುವನ್ನಾಗಲಿ ಎಲ್ಲೆಂದರಲ್ಲಿ ಇಳಿಸುವಂತಿಲ್ಲ. ಹತ್ತಿದ ಸ್ಟೇಶನ್, ಜಂಕ್ಷನ್, ಕೊನೆಯ ಸ್ಟೇಶನ್ ಅಥವಾ ಜಿಲ್ಲಾ ಕೇಂದ್ರದ ಸ್ಟೇಶನ್‌ನಲ್ಲಿ ಮಾತ್ರ, ಅದೂ ಹಗಲು ಹೊತ್ತಿನಲ್ಲಿ ಮಾತ್ರ ಇಳಿಸಬೇಕು. ಇದನ್ನು ನಿಮ್ಮ ಮನೆಯ ಹೆಣ್ಣುಮಕ್ಕಳಿಗೆ ತಪ್ಪದೆ ಹೇಳಿ. ರಾತ್ರಿ ಯಾವುದೋ ಕತ್ತಲ ಸ್ಟೇಶನ್‌ನಲ್ಲಿ ಇಳಿಸುತ್ತೇವೆ ಅಂತ ಯಾರಾದರೂ ಹೆದರಿಸಿದರೆ, ಹಾಗೆ ಮಾಡಲು ಅವರಿಗೆ ಅಧಿಕಾರ ಇಲ್ಲ.

ನನಗೇ ಆದ ಒಂದು ಅನುಭವ ಹೇಳುತ್ತೇನೆ. ಕಾಲೇಜಿನ ದಿನಗಳು. ಪರೀಕ್ಷೆಗೆ ಹೊರಟಿದ್ದೆ. ಕೌಂಟರ್ ಮುಂದೆ ಉದ್ದ ಸಾಲು, ರೈಲು ಬಂದೇಬಿಟ್ಟಿತು. ಟಿಕೆಟ್ ಇಲ್ಲದೆ ಹತ್ತಿದೆ. ಟಿಟಿ ಬಾರದಿರಲಿ ಅಂತ ಬಾಗಿಲ ಬಳಿ ನಿಂತೆ. ಅವರು ಬಂದರು. "ಏನಪ್ಪಾ, ಟಿಕೆಟ್?" ಅಂದರು. ನಿಜ ಹೇಳಿದೆ. ಜೇಬಿನಲ್ಲಿದ್ದ ಹಣ ಸಾಲಲಿಲ್ಲ. ಪಕ್ಕದ ಬೋಗಿಯಲ್ಲಿದ್ದ ಗೆಳೆಯನಿಂದ ತರುತ್ತೇನೆ ಅಂದೆ. ಅವರು ಕಾದರು. ಹಣ ಎಣಿಸಿಕೊಂಡು ರಸೀದಿ ಬರೆಯುತ್ತಾ, "ಹತ್ತೋಕೆ ಮುಂಚೆ ಗಾರ್ಡ್ ಹತ್ರ ಹೇಳಿ ಒಂದು ಚೀಟಿ ಬರೆಸಿಕೊಂಡಿದ್ರೆ ಈ ದಂಡ ಇರ್ತಿರಲಿಲ್ಲ. ಇದನ್ನ ಯಾರೂ ನಿಮಗೆ ಹೇಳಿಕೊಡಲ್ಲ ಅಲ್ವಾ?" ಅಂದರು. ದಂಡ ಬಿಡಲಿಲ್ಲ, ಒಂದು ಕೆಟ್ಟ ಮಾತೂ ಆಡಲಿಲ್ಲ. ಇವತ್ತಿಗೂ ಅವರ ಮೇಲೆ ನನಗೆ ಗೌರವ ಇದೆ.

ಅವರು ಹೇಳಿದ್ದು 55ನೇ ಸೆಕ್ಷನ್. ಟಿಕೆಟ್ ತೆಗೆಯಲು ಆಗಲೇ ಇಲ್ಲ ಅಂದರೆ ಹತ್ತುವ ಮೊದಲು ಟಿಟಿಗೋ ಗಾರ್ಡ್‌ಗೋ ಹೇಳಿ ಅನುಮತಿ ಕೇಳಬೇಕು. ಗಾರ್ಡ್‌ಗೆ ಈಗ ಟ್ರೈನ್ ಮ್ಯಾನೇಜರ್ ಅನ್ನುವ ಹೆಸರು, ರೈಲಿನ ಕೊನೆಯಲ್ಲಿ ಇರುತ್ತಾರೆ. ಅವರು ಒಪ್ಪಿ ಬರೆದುಕೊಟ್ಟ ಅನುಮತಿ ಚೀಟಿ ಕೈಯಲ್ಲಿದ್ದರೆ ಟಿಕೆಟ್ ದರ ಮಾತ್ರ, ಮೇಲಿನ ದಂಡ ಇಲ್ಲ. ಹತ್ತಿದ ಮೇಲೆ ನೆನಪಾದರೂ ಅವರು ಹುಡುಕಿಕೊಂಡು ಬರುವ ಮುಂಚೆ ನೀವೇ ಹೋಗಿ ಹೇಳಿ. ದಂಡ ತಪ್ಪುತ್ತದೆ ಅಂತ ಆಗ ಖಾತ್ರಿ ಇಲ್ಲ, ಆದರೆ ಮೋಸದ ಉದ್ದೇಶ ಇರಲಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ.

ಹಣ ಕೊಟ್ಟಾಗ ರಸೀದಿ ಪಡೆಯದೆ ಬಿಡಬೇಡಿ. "ರಸೀದಿ ಬೇಡ ಅಂದ್ರೆ ನೂರು ಕೊಡಿ ಸಾಕು" ಅಂತ ಯಾರಾದರೂ ಅಂದರೆ ಆ ಹಣ ರೈಲ್ವೆಗೆ ಹೋಗುವುದಿಲ್ಲ. ಮುಂದಿನ ಸ್ಟೇಶನ್‌ನಲ್ಲಿ ಸ್ಕ್ವಾಡ್ ಹತ್ತಿದರೆ ನಿಮ್ಮ ಕೈಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಅನುಮಾನ ಬಂದರೆ ಗುರುತಿನ ಚೀಟಿ ಕೇಳಿ, ಅದರಲ್ಲಿ ತಪ್ಪೇನಿಲ್ಲ. ಟಿಟಿ ಒರಟಾಗಿ ನಡೆದುಕೊಂಡರೆ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಿ ದೂರು ಕೊಡಬಹುದು. ಹಾಗೆಯೇ ಟಿಟಿಯ ಮೇಲೆ ನಾಲ್ಕು ಜನ ಸೇರಿ ಕೂಗಾಡುವುದು ಕಂಡರೆ ದಯವಿಟ್ಟು ಸುಮ್ನೆ ನೋಡುತ್ತಾ ನಿಲ್ಲಬೇಡಿ. ತುಂಬಿದ ಬೋಗಿಯಲ್ಲಿ ಒಬ್ಬರೇ ಓಡಾಡಿ ಕೆಲಸ ಮಾಡುವವರು ಅವರು. 2024ರಲ್ಲಿ ಹಬ್ಬದ ಸಮಯದ ವಿಶೇಷ ತಪಾಸಣೆಗೆ ಆದೇಶ ಬಂದಾಗ ಟಿಕೆಟ್ ಇಲ್ಲದೆ ಬರುವ ಪೊಲೀಸರ ಮೇಲೂ ಕ್ರಮ ತೆಗೆದುಕೊಳ್ಳಬೇಕು ಅಂತ ರೈಲ್ವೆ ಮಂಡಳಿಯೇ ಹೇಳಬೇಕಾಯಿತು. ಸಮವಸ್ತ್ರದಲ್ಲಿ ಇರುವವರನ್ನು ಟಿಕೆಟ್ ಕೇಳಲು ಟಿಟಿಗೆ ಎಷ್ಟು ಧೈರ್ಯ ಬೇಕು, ಯೋಚಿಸಿ.

ಇನ್ನು ನಿಮ್ಮ ಪಾಸಿನ ವಿಷಯ. ಅವಧಿ ಮುಗಿಯುವ ದಿನ ನೋಡಿಕೊಳ್ಳಿ. ಗುರುತಿನ ಚೀಟಿ ಜೊತೆಗಿರಲಿ. ಪಾಸ್ ಇದೆ ಅಂತ ರಿಸರ್ವೇಶನ್ ಬೋಗಿಗೆ ಹತ್ತಬೇಡಿ. ಅಲ್ಲಿ ಸಿಕ್ಕರೆ ನಿಮ್ಮ ಹೆಸರೂ ಆ 3.61 ಕೋಟಿಯಂಥ ಲೆಕ್ಕಕ್ಕೇ ಸೇರುತ್ತದೆ.