ಒಂದೇ ಊರು, ಹತ್ತಾರು ಪ್ರೀತಿ: ಈ ಬಗೆಯ ಸಿನಿಮಾ ಹುಟ್ಟಿದ್ದು ಎಲ್ಲಿ, ಹಾದಿ ತಪ್ಪಿದ್ದು ಎಲ್ಲಿ

ಬೆಳಕು ಹರಿಯುವ ಮುಂಚೆ ಒಬ್ಬ ಯುವತಿ ತನ್ನ ಕೂಸನ್ನು ಎತ್ತಿಕೊಂಡು ಶಿಶುವಿಹಾರಕ್ಕೆ ಬರುತ್ತಾಳೆ. ಅಲ್ಲಿ ಸಾಲಾಗಿ ತೊಟ್ಟಿಲುಗಳಿವೆ. ಮಗುವನ್ನು ಮಲಗಿಸಿ ಹೊರಡಬೇಕು ಅನ್ನುವಷ್ಟರಲ್ಲಿ ಅದು ಅಳುತ್ತದೆ. ವಾಪಸ್ ಬಂದು, ಬಗ್ಗಿ, ಸ್ಪ್ಯಾನಿಷ್ ಲಾಲಿಯೊಂದನ್ನು ಹಾಡುತ್ತಾಳೆ. ಮಗು ಸುಮ್ಮನಾಗುತ್ತದೆ. ಆಮೇಲೆ ಓಟ. ಬಸ್ಸು, ರೈಲು, ಮೆಟ್ರೋ, ಮತ್ತೆ ನಡಿಗೆ. ಕೊನೆಗೆ ಶ್ರೀಮಂತರ ದೊಡ್ಡ ಮನೆ. ಯಜಮಾನಿಯ ಮುಖ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ: ಇವತ್ತು ತಾನು ಬರುವುದು ಒಂದು ಗಂಟೆ ತಡ, ಪರವಾಗಿಲ್ಲ ತಾನೆ? ಆ ಮನೆಯ ಮಗು ಅಳುತ್ತದೆ. ಈಕೆ ಅದೇ ಲಾಲಿ ಹಾಡುತ್ತಾಳೆ. ಕಣ್ಣು ಮಾತ್ರ ಬೇರೆಲ್ಲೋ ಇದೆ.

ಇಷ್ಟೇ ಕತೆ. ಸುಮಾರು ಐದು ನಿಮಿಷ. 2006ರ ‘ಪ್ಯಾರಿಸ್, ಜ ತೆಮ್’ (ಅಂದರೆ ‘ಪ್ಯಾರಿಸ್, ಐ ಲವ್ ಯೂ’) ಸಿನಿಮಾದ 18 ಕಿರುಚಿತ್ರಗಳಲ್ಲಿ ಇದೂ ಒಂದು. ಮಾಡಿದವರು ಬ್ರೆಜಿಲ್‌ನ ವಾಲ್ಟರ್ ಸಾಲೆಸ್ ಮತ್ತು ಡೇನಿಯೆಲಾ ಥಾಮಸ್. ಪ್ರೇಮಿಗಳ ನಗರ ಅಂತ ಹೆಸರಾದ ಊರಿನ ಬಗ್ಗೆ ಪ್ರೇಮಕತೆ ಮಾಡಿ ಅಂದರೆ ಇವರು ಮಾಡಿದ್ದು ತಾಯಿಯೊಬ್ಬಳ ಪ್ರಯಾಣವನ್ನು. ನನ್ನ ಲೆಕ್ಕದಲ್ಲಿ ಆ ಇಡೀ ಸಿನಿಮಾದಲ್ಲಿ ಊರು ನಿಜವಾಗಿ ಕಾಣುವುದು ಇಲ್ಲಿ ಮತ್ತು ಇನ್ನೊಂದೆರಡು ಕಡೆ ಮಾತ್ರ. ಯಾಕೆ ಹೀಗೆ ಎಂದು ತಿಳಿಯಬೇಕಾದರೆ ಒಂದೇ ಊರಿನ ಹಲವು ಪ್ರೇಮಕತೆಗಳನ್ನು ಪೋಣಿಸುವ ಈ ಬಗೆಯ ಸಿನಿಮಾ ಎಲ್ಲಿಂದ ಬಂತು ಅಂತ ನೋಡಬೇಕು.

ಶುರುವಾದದ್ದು ಪ್ಯಾರಿಸ್ಸಿನಲ್ಲಿ ಅಲ್ಲ, ರೋಮ್‌ನಲ್ಲಿ. ‘ಬೈಸಿಕಲ್ ಥೀವ್ಸ್’ ಬರೆದ ಚೇಸರೆ ಜವಾಟಿನಿಗೆ ಒಂದು ಹುಚ್ಚು ಆಸೆಯಿತ್ತು. ಸಿನಿಮಾ ಒಂದು ಪತ್ರಿಕೆಯಂತೆ ಸಂಚಿಕೆ ಸಂಚಿಕೆಯಾಗಿ ಬರಬೇಕು, ನಿರ್ದೇಶಕರು ವರದಿಗಾರರಂತೆ ಊರೊಳಗೆ ಹೋಗಬೇಕು, ಆ ಕತೆ ಯಾರದೋ ಅವರೇ ಅದರಲ್ಲಿ ನಟಿಸಬೇಕು. 1953ರಲ್ಲಿ ಮೊದಲ ಸಂಚಿಕೆ ಬಂತು: ‘ಲಮೋರೆ ಇನ್ ಚಿಟ್ಟಾ’, ಅಂದರೆ ನಗರದಲ್ಲಿ ಪ್ರೀತಿ. ಆರು ಭಾಗ, ಏಳು ನಿರ್ದೇಶಕರು. ಅಂತೋನಿಯೋನಿ, ಫೆಲಿನಿ, ಡಿನೋ ರಿಸಿ, ಲಟ್ಟುವಾಡ, ಲಿಜಾನಿ, ಮಸೆಲಿ, ಜೊತೆಗೆ ಜವಾಟಿನಿ ತಾವೇ.

ಹೆಸರು ಕೇಳಿ ಹೂವು ಹಣ್ಣು ಅಂದುಕೊಂಡು ಹೋದವರಿಗೆ ಆಘಾತ ಕಾದಿತ್ತು. ಲಿಜಾನಿ ರಾತ್ರಿ ಬೀದಿಯಲ್ಲಿ ನಿಲ್ಲುವ ಹೆಣ್ಣುಮಕ್ಕಳನ್ನು ಮಾತಾಡಿಸಿದರು. ಹೊರದೇಶಕ್ಕೆ ಹೋದ ಪ್ರತಿಯಿಂದ ಆ ಭಾಗವನ್ನು ಕತ್ತರಿಸಲಾಯಿತು. ಪ್ರೀತಿ ಮುರಿದು ಸಾಯಲು ಹೊರಟು ಬದುಕಿ ಉಳಿದವರನ್ನು ಅಂತೋನಿಯೋನಿ ಸೇರಿಸಿ, ಅದೇ ಜಾಗಗಳಲ್ಲಿ ನಿಲ್ಲಿಸಿ ಕೇಳಿದರು. ರಿಸಿ ಹೋದದ್ದು ಮನೆಗೆಲಸದ ಹುಡುಗಿಯರು, ಸಿಪಾಯಿಗಳು ಸೇರುವ ಭಾನುವಾರದ ಡಾನ್ಸ್ ಹಾಲ್‌ಗೆ. ಅವರಿಗೆ ವಾರಕ್ಕೆ ಸಿಗುವ ಬಿಡುವು ಆ ಮೂರು ಗಂಟೆ, ಅಷ್ಟೇ. ಬಡತನಕ್ಕೆ ಸೋತು ತನ್ನ ಮಗುವನ್ನು ಬಿಟ್ಟು ಹೋಗಿ, ಆಮೇಲೆ ತಡೆಯಲಾರದೆ ಅದನ್ನು ಹುಡುಕಿಕೊಂಡು ಬಂದ ಒಬ್ಬ ಅವಿವಾಹಿತ ತಾಯಿಯ ಕತೆಯಲ್ಲಿ ಆ ತಾಯಿಯೇ ಅಭಿನಯಿಸಿದಳು. ಇದು ಸರೀನಾ ಅನ್ನೋ ಪ್ರಶ್ನೆ ಇವತ್ತಿಗೂ ಕಾಡುತ್ತದೆ. ಒಬ್ಬಳ ಸಂಕಟವನ್ನು ಅವಳ ಕೈಯಲ್ಲೇ ಮತ್ತೆ ಮಾಡಿಸುವುದು ಸಣ್ಣ ವಿಷಯವಲ್ಲ.

ಫೆಲಿನಿ ಮಾತ್ರ ಸುಮ್ನೆ ತುಂಟತನ ಮಾಡಿದರು. ಅವರ ಭಾಗದಲ್ಲಿ ವರದಿಗಾರನೊಬ್ಬ ಮದುವೆ ಬ್ರೋಕರ್ ಆಫೀಸಿಗೆ ಹೋಗಿ, ನನ್ನ ಗೆಳೆಯನಿಗೆ ಹೆಣ್ಣು ಬೇಕು, ಆದರೆ ಹುಣ್ಣಿಮೆ ರಾತ್ರಿ ಅವನು ತೋಳವಾಗುತ್ತಾನೆ ಅನ್ನುತ್ತಾನೆ. ನಗಾಡುತ್ತಾರೆ ಅಂದುಕೊಂಡರೆ ಆಫೀಸಿನವರು ಗಂಭೀರವಾಗಿ ಬರೆದುಕೊಳ್ಳುತ್ತಾರೆ. ಒಪ್ಪುವ ಹುಡುಗಿಯೂ ಸಿಗುತ್ತಾಳೆ. ಮನೆಯಲ್ಲಿ ಅಷ್ಟು ಕಷ್ಟ. ಸುಳ್ಳು ಕತೆ ಕಟ್ಟಿದ ಫೆಲಿನಿಗೇ ನಿಜ ಜಾಸ್ತಿ ಸಿಕ್ಕಿತು ಅನ್ನಿಸುತ್ತದೆ.

ಪತ್ರಿಕೆಯಂತೆ ಬರಬೇಕಿದ್ದ ಆ ಸಿನಿಮಾ ಒಂದೇ ಸಂಚಿಕೆಗೆ ನಿಂತಿತು. ಆದರೆ ಕಿರುಚಿತ್ರಗಳನ್ನು ಪೋಣಿಸಿ ಒಂದು ಸಿನಿಮಾ ಮಾಡುವ ಪದ್ಧತಿ 1960ರ ದಶಕದಲ್ಲಿ ಇಟಲಿ, ಫ್ರಾನ್ಸ್‌ಗಳಲ್ಲಿ ದೊಡ್ಡ ವ್ಯಾಪಾರವೇ ಆಯಿತು. ಕಾರಣ ಸರಳ. ಕಿರುಚಿತ್ರವನ್ನು ಯಾರೂ ಟಿಕೆಟ್ ಕೊಂಡು ನೋಡುವುದಿಲ್ಲ. ಮೂರು ನಾಲ್ಕು ಸೇರಿಸಿದರೆ ಪೋಸ್ಟರ್ ತುಂಬ ಹೆಸರುಗಳು. ಎರಡು ದೇಶದ ನಿರ್ಮಾಪಕರು ಖರ್ಚು ಹಂಚಿಕೊಳ್ಳಬಹುದು. ದೊಡ್ಡ ನಟಿಯ ಕಾಲ್‌ಶೀಟ್ ಕೆಲವೇ ದಿನ ಸಾಕು. ಈ ಲೆಕ್ಕಾಚಾರ ಇವತ್ತಿಗೂ ಬದಲಾಗಿಲ್ಲ. ಒಟಿಟಿಯವರೂ ಇದನ್ನೇ ಮಾಡುತ್ತಿದ್ದಾರೆ.

1965ರಲ್ಲಿ ಪ್ಯಾರಿಸ್ಸಿನ ಸರದಿ. ಇನ್ನೂ 25 ದಾಟದ ಬಾರ್ಬೆ ಶ್ರೋಡರ್ ದುಡ್ಡು ಹೊಂದಿಸಿ ‘ಪಾರಿ ವ್ಯೂ ಪಾರ್’ ಅನ್ನುವ ಸಿನಿಮಾ ತೆಗೆದ. ಆರು ನಿರ್ದೇಶಕರು, ಆರು ಬಡಾವಣೆ. ಗೊದಾರ್, ರೊಮೆರ್, ಶಬ್ರೋಲ್, ಜಾನ್ ರೂಶ್ ಎಲ್ಲ ಇದ್ದರು. ಹಗುರವಾದ 16 ಎಂಎಂ ಕ್ಯಾಮೆರಾ, ಸ್ಟುಡಿಯೋ ಇಲ್ಲ, ಬೀದಿಯ ಸದ್ದು ಸದ್ದಿನಂತೆಯೇ. ಇದರಲ್ಲಿ ಎಲ್ಲವೂ ಪ್ರೇಮಕತೆ ಅಲ್ಲ. ರೊಮೆರ್‌ ಭಾಗದಲ್ಲಿ ಬಟ್ಟೆ ಅಂಗಡಿಯವನೊಬ್ಬ ಒಂದು ಛತ್ರಿ ಜಗಳದಿಂದಾಗಿ ದಾರಿ ಬದಲಿಸಿಕೊಂಡು ಓಡಾಡುತ್ತಾನೆ, ಅಷ್ಟೇ.

ರೂಶ್ ಅವರ ಭಾಗವನ್ನು ಮಾತ್ರ ಒಮ್ಮೆ ನೋಡಲೇಬೇಕು. ರೈಲು ನಿಲ್ದಾಣದ ಹತ್ತಿರದ ಫ್ಲ್ಯಾಟ್‌ನಲ್ಲಿ ಗಂಡ ಹೆಂಡತಿ ತಿಂಡಿ ತಿನ್ನುತ್ತಾ ಕಿತ್ತಾಡುತ್ತಾರೆ. ಪಕ್ಕದಲ್ಲಿ ಕಟ್ಟಡ ಏಳುತ್ತಿದೆ, ಅದರ ಗಲಾಟೆ ಮಾತಿನ ನಡುವೆ ತೂರಿಕೊಂಡು ಬರುತ್ತದೆ. ಅವಳು ಸಿಟ್ಟಾಗಿ ಎದ್ದು ಲಿಫ್ಟ್ ಹತ್ತುತ್ತಾಳೆ. ಕ್ಯಾಮೆರಾ ಬೆನ್ನು ಬಿಡುವುದಿಲ್ಲ. ಬೀದಿಗೆ ಬಂದರೆ ಅಪರಿಚಿತನೊಬ್ಬ ಎದುರಾಗಿ, ನನ್ನ ಜೊತೆ ಎಲ್ಲಾದರೂ ದೂರ ಬಂದುಬಿಡಿ, ಇಲ್ಲದಿದ್ದರೆ ಸಾಯುತ್ತೇನೆ ಅನ್ನುತ್ತಾನೆ. ಮನೆಯಲ್ಲಿ ಗಂಡನಿಂದ ಅವಳು ಬಯಸಿದ್ದ ಮಾತುಗಳೇ ಅವು. ಆದರೂ ಒಲ್ಲೆ ಅನ್ನುತ್ತಾಳೆ. ಮುಂದೆ ಏನಾಗುತ್ತದೆ ಅನ್ನೋದನ್ನು ನೋಡಿದವರು ಮರೆಯುವುದಿಲ್ಲ. ಇದೆಲ್ಲ ಒಂದೇ ಉಸಿರಿನ ಶಾಟ್‌ನಂತೆ ಕಾಣುತ್ತದೆ. ಲಿಫ್ಟಿನ ಕತ್ತಲೆಯಲ್ಲಿ ಕತ್ತರಿ ಅಡಗಿದೆ. ಅಂದಹಾಗೆ, ಗಂಡನ ಪಾತ್ರ ಮಾಡಿದವನು ನಿರ್ಮಾಪಕ ಶ್ರೋಡರ್.

ನಾಲ್ಕು ದಶಕ ದಾಟಿ ‘ಪ್ಯಾರಿಸ್, ಜ ತೆಮ್’ ಬಂತು. ನಿರ್ಮಾಪಕ ಇಮಾನ್ಯುಯೆಲ್ ಬೆನ್‌ಬಿಹಿ ಅವರ ಲೆಕ್ಕ ಹೀಗಿತ್ತು: ಪ್ಯಾರಿಸ್ಸಿನಲ್ಲಿ 20 ಆಡಳಿತ ವಿಭಾಗಗಳಿವೆ, ವಿಭಾಗಕ್ಕೊಂದು ಪ್ರೇಮಕತೆ, ಕತೆಗೊಬ್ಬ ನಿರ್ದೇಶಕ. ಜರ್ಮನಿಯ ಟಾಮ್ ಟಿಕ್ವರ್ ತಮ್ಮ ಭಾಗವನ್ನು 2002ರಲ್ಲೇ ಮುಗಿಸಿದ್ದರು. ಅದರಲ್ಲಿ ನಟಾಲಿ ಪೋರ್ಟ್‌ಮನ್ ಇದ್ದರು. ಅದನ್ನು ತೋರಿಸಿ ಉಳಿದದ್ದಕ್ಕೆ ದುಡ್ಡು ಎತ್ತಲಾಯಿತು. ಕೊನೆಗೆ ಎರಡು ವಿಭಾಗದ ಕತೆಗಳು ಒಟ್ಟು ಸಿನಿಮಾದೊಳಗೆ ಕೂರಲಿಲ್ಲ ಅಂತ ಕೈಬಿಟ್ಟು, ಉಳಿದ 18 ಕಾನ್ ಚಿತ್ರೋತ್ಸವದಲ್ಲಿ ತೆರೆ ಕಂಡವು. ಕೋಯೆನ್ ಸೋದರರು, ಗಸ್ ವಾನ್ ಸಾಂಟ್, ಗುರಿಂದರ್ ಚಡ್ಡಾ, ಆಲ್ಫೋನ್ಸೋ ಕ್ವಾರೋನ್, ಯಾರಿಲ್ಲ ಹೇಳಿ!

ಕೊನೆಯದು ಅಲೆಕ್ಸಾಂಡರ್ ಪೇನ್ ಅವರದು. ಅಮೆರಿಕದ ಡೆನ್ವರ್‌ನ ಅಂಚೆ ಬಟವಾಡೆ ಮಾಡುವ ಮಧ್ಯವಯಸ್ಸಿನ ಹೆಂಗಸು, ಒಬ್ಬಳೇ ಪ್ಯಾರಿಸ್ಸಿಗೆ ಬಂದಿದ್ದಾಳೆ. ತನ್ನ ಪ್ರವಾಸದ ಬಗ್ಗೆ ಬರೆದ ಪ್ರಬಂಧವನ್ನು ಒರಟು ಉಚ್ಚಾರದ ಫ್ರೆಂಚಿನಲ್ಲಿ ಓದುತ್ತಾಳೆ. ಮೊದಲ ಎರಡು ನಿಮಿಷ ನಗು ಬರುತ್ತದೆ. ಆಮೇಲೆ ನಕ್ಕದ್ದಕ್ಕೆ ನಾಚಿಕೆಯಾಗುತ್ತದೆ. ಪಾರ್ಕಿನ ಬೆಂಚಿನ ಮೇಲೆ ಕೂತು, ದುಃಖ ಸಂತೋಷ ಎರಡೂ ಒಟ್ಟಿಗೆ ಬಂದವು ಅನ್ನುವ ಹೊತ್ತಿಗೆ ಅದು ಅವಳ ಮತ್ತು ಊರಿನ ನಡುವಿನ ಪ್ರೇಮಕತೆಯಾಗಿದೆ. ಮಾರ್ಗೋ ಮಾರ್ಟಿಂಡೇಲ್ ಅಭಿನಯ.

ಸಿನಿಮಾ ಗೆದ್ದಿತು. ತೊಂದರೆ ಶುರುವಾದದ್ದೂ ಅಲ್ಲೇ. ಗೆದ್ದ ಕೂಡಲೇ ಅದು ಒಂದು ಬ್ರಾಂಡ್ ಆಯಿತು. ನ್ಯೂಯಾರ್ಕ್, ರಿಯೋ, ಟಿಬಿಲಿಸಿ, ಬರ್ಲಿನ್, ಎಲ್ಲದರ ಮುಂದೆಯೂ ‘ಐ ಲವ್ ಯೂ’. ಊರು ಮಾತ್ರ ಬೇರೆ, ಡಬ್ಬಿ ಒಂದೇ. 2008ರ ಟೊರೊಂಟೊ ಉತ್ಸವದಲ್ಲಿ ತೋರಿಸಿದ ನ್ಯೂಯಾರ್ಕ್ ಸಿನಿಮಾಕ್ಕೆ ಕಟ್ಟುನಿಟ್ಟಿನ ನಿಯಮಗಳಿದ್ದವು. ಶೂಟಿಂಗಿಗೆ 24 ಗಂಟೆ, ಎಡಿಟಿಂಗಿಗೆ ಒಂದು ವಾರ, ಕತೆಯಲ್ಲಿ ಯಾವುದಾದರೂ ಬಡಾವಣೆ ಗುರುತು ಸಿಗಬೇಕು. ಗುರುತು ಸಿಗಬೇಕು ಅಂದಾಗ ಎಲ್ಲರೂ ಮೊದಲು ಕ್ಯಾಮೆರಾ ಹಿಡಿಯುವುದು ಎಲ್ಲರಿಗೂ ಗೊತ್ತಿರುವ ಜಾಗಕ್ಕೇ ಅಲ್ವಾ? ಹಾಗೇ ಆಯಿತು. ಸ್ಕಾರ್ಲೆಟ್ ಜೋಹಾನ್ಸನ್ ಮತ್ತು ರಷ್ಯಾದ ಜ್ವ್ಯಾಗಿಂತ್ಸೆವ್ ಮಾಡಿದ ಭಾಗಗಳು ಚಿತ್ರಮಂದಿರಕ್ಕೆ ಬರುವ ಮುಂಚೆ ಹೊರಬಿದ್ದವು.

ಅದರಲ್ಲಿ ನಮ್ಮವರಿಬ್ಬರ ಕೆಲಸ ಇದೆ. ಒಂದು ಶೇಖರ್ ಕಪೂರ್ ಅವರದು. ಕತೆ ಬರೆದಿದ್ದ ಆಂಥನಿ ಮಿಂಗೆಲಾ 2008ರಲ್ಲಿ ತೀರಿಕೊಂಡಾಗ ನಿರ್ದೇಶನ ಇವರ ಕೈಗೆ ಬಂತು. ಇನ್ನೊಂದು ಮೀರಾ ನಾಯರ್ ಅವರದು. ವಜ್ರದ ವ್ಯಾಪಾರಿಗಳ ಬೀದಿ. ಜೈನ ವ್ಯಾಪಾರಿಯಾಗಿ ಇರ್ಫಾನ್, ಸಂಪ್ರದಾಯಸ್ಥ ಯಹೂದಿ ಹುಡುಗಿಯಾಗಿ ಪೋರ್ಟ್‌ಮನ್. ಬೆಲೆಗೆ ಚೌಕಾಸಿ ಮಾಡುತ್ತಾ ನೀನು ಏನು ತಿನ್ನುವುದಿಲ್ಲ, ನಾನು ಏನು ತಿನ್ನುವುದಿಲ್ಲ ಅಂತ ಶುರುವಾಗುವ ಮಾತು, ಮದುವೆಗಾಗಿ ಅವಳು ತಲೆ ಬೋಳಿಸಿಕೊಂಡ ವಿಷಯಕ್ಕೆ ಬಂದು ಮುಟ್ಟುತ್ತದೆ. ನ್ಯೂಯಾರ್ಕ್ ಬಿಟ್ಟರೆ ಈ ಇಬ್ಬರು ಎದುರುಬದುರು ಕೂರುವ ಮೇಜು ಇನ್ನೆಲ್ಲಿ ಸಿಕ್ಕೀತು?

ಬ್ರಾಂಡ್ ಆದಮೇಲೆ ಊರಿನವರ, ಹಣ ಹಾಕಿದವರ ಮುಖ ನೋಡಿಕೊಳ್ಳಬೇಕಾಗುತ್ತದೆ. ರಿಯೋ ಸಿನಿಮಾದಲ್ಲಿ ಬೆಟ್ಟದ ಮೇಲಿನ ಕ್ರಿಸ್ತನ ಪ್ರತಿಮೆಯ ಹತ್ತಿರ ಗ್ಲೈಡರ್‌ನಲ್ಲಿ ಹಾರುತ್ತಾ ದೂರು ಹೇಳುವ ಪಾತ್ರವೊಂದಿತ್ತು. ಪ್ರತಿಮೆಯ ಚಿತ್ರದ ಹಕ್ಕು ಚರ್ಚಿನದು, ಅವರು ತಗಾದೆ ತೆಗೆದು ಆಮೇಲೆ ಸಡಿಲ ಬಿಟ್ಟರು. 2019ರ ಬರ್ಲಿನ್ ಸಿನಿಮಾದ್ದು ಇನ್ನೂ ಕಹಿ. ಚೀನಾ ಸರ್ಕಾರ ಪಾಸ್‌ಪೋರ್ಟ್ ಕಿತ್ತುಕೊಂಡಿದ್ದ ಕಾಲದಲ್ಲಿ ಕಲಾವಿದ ಆಯ್ ವೇಯ್‌ವೇಯ್ ಬೀಜಿಂಗ್‌ನಲ್ಲೇ ಕೂತು, ಬರ್ಲಿನ್‌ನಲ್ಲಿದ್ದ ತನ್ನ ಪುಟ್ಟ ಮಗನ ಬಗ್ಗೆ ಒಂದು ಭಾಗ ಮಾಡಿಸಿದ್ದರು. ಅಪ್ಪ ಒಂದು ಊರಲ್ಲಿ, ಮಗ ಒಂದು ಊರಲ್ಲಿ. ಬಿಡುಗಡೆಯ ಹೊತ್ತಿಗೆ ಅದು ಸಿನಿಮಾದಲ್ಲಿ ಇರಲಿಲ್ಲ. ಚೀನಾದ ಮಾರುಕಟ್ಟೆಗೆ ಹೆದರಿ ತೆಗೆದರು ಎಂದು ಅವರು ದೂರಿದರು.

ಡಬ್ಬಿಯ ಹೊರಗೆ ನೋಡಿದರೆ ಬೇರೆಯೇ ಲೋಕ. 1994ರಲ್ಲಿ ಹಾಂಗ್‌ಕಾಂಗ್‌ನ ವಾಂಗ್ ಕಾರ್ ವಾಯ್, ದೊಡ್ಡ ಸಿನಿಮಾವೊಂದರ ಎಡಿಟಿಂಗ್ ನಡುವೆ ಸಿಕ್ಕ ಬಿಡುವಿನಲ್ಲಿ ‘ಚುಂಗ್‌ಕಿಂಗ್ ಎಕ್ಸ್‌ಪ್ರೆಸ್’ ತೆಗೆದರು. ಪ್ರೀತಿಯಲ್ಲಿ ಸೋತ ಇಬ್ಬರು ಪೊಲೀಸರು, ಎರಡು ಕತೆ, ನಡುವೆ ಒಂದು ತಿಂಡಿ ಅಂಗಡಿ. ಮೂರನೇ ಕತೆಗೆ ಅದರಲ್ಲಿ ಜಾಗ ಸಾಲದೆ ಮುಂದಿನ ವರ್ಷ ಬೇರೆ ಸಿನಿಮಾ ಆಯಿತು. ಅಲ್ಲಿ ಯಾರೂ ನಗರವನ್ನು ಹೊಗಳುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಮೈಗೆ ಮೈ ತಾಗಿಸಿಕೊಂಡು ಓಡಾಡುವವರು ಒಬ್ಬರನ್ನೊಬ್ಬರು ಭೇಟಿಯಾಗದೇ ಹೋಗುವುದೇ ಕತೆ.

ನಮ್ಮ ದೇಶದಲ್ಲಿ ಇದಕ್ಕೆ ಹಳೆಯ ಬೇರಿದೆ. 1959ರಲ್ಲೇ ಕೆ. ಎ. ಅಬ್ಬಾಸ್ ‘ಚಾರ್ ದಿಲ್ ಚಾರ್ ರಾಹೇಂ’ನಲ್ಲಿ ಮೂರು ಜೋಡಿಗಳನ್ನು ಒಂದು ಕೂಡುರಸ್ತೆಗೆ ತಂದು ನಿಲ್ಲಿಸಿದ್ದರು. 2007ರ ‘ಲೈಫ್ ಇನ್ ಎ... ಮೆಟ್ರೊ’ದಲ್ಲಿ ಅನುರಾಗ್ ಬಸು ಮುಂಬೈಯ ಹಲವು ಜೋಡಿಗಳನ್ನು ಹೆಣೆದರು. ಬಿಡಿ ಬಿಡಿ ಚಿತ್ರಗಳಲ್ಲ, ಹೆಣೆದ ಕತೆ. ಅದರಲ್ಲಿ ಆಫೀಸಿನ ಹುಡುಗನೊಬ್ಬ ತನ್ನ ಫ್ಲ್ಯಾಟಿನ ಕೀಲಿಯನ್ನು ಮೇಲಧಿಕಾರಿಗಳಿಗೆ ಸರದಿಯಂತೆ ಕೊಡುತ್ತಾನೆ. ಕೂತು ಮಾತಾಡಲು ನಾಲ್ಕು ಗೋಡೆ ಸಿಗದ ಊರಿನಲ್ಲಿ ಆ ಕೀಲಿಗೆ ಇರುವ ಬೆಲೆ ಎಂಥದ್ದು! 2022ರಲ್ಲಿ ನ್ಯೂಯಾರ್ಕಿನ ಪತ್ರಿಕೆ ಅಂಕಣದಿಂದ ಹುಟ್ಟಿದ ‘ಮಾಡರ್ನ್ ಲವ್’ ಸರಣಿ ಮುಂಬೈಗೆ, ಹೈದರಾಬಾದಿಗೆ, ಮರುವರ್ಷ ಚೆನ್ನೈಗೆ ಬಂತು. ಬೆಂಗಳೂರನ್ನು ಬಿಟ್ಟರು. ಮುಂಬೈ ಸರಣಿಯಲ್ಲಿ ಹಿಡಿಸಿದ್ದು ಮುಂಬೈ ಪಕ್ಕದ ಠಾಣೆ ಎಂಬ ಊರಿನ ಕತೆ. ಮುಂಬೈ ಪ್ರೀತಿಗೆ ಮೀಸಲಾದ ಸರಣಿಯಲ್ಲಿ ಹುಡುಗಿಯ ಮನಸ್ಸು ಕದ್ದವನು ಠಾಣೆಯ ಪಾಲಿಕೆ ಕಚೇರಿಯಲ್ಲಿ ಕೆಲಸ ಮಾಡುವ, ಗಡಿಬಿಡಿ ಇಲ್ಲದ ಹುಡುಗ.

ಆದರೆ ಈ ಬಗೆಯಲ್ಲಿ ದಕ್ಷಿಣದ ದೊಡ್ಡ ಸಾಧನೆ 2018ರ ತೆಲುಗಿನ ‘ಕೇರಾಫ್ ಕಂಚರಪಾಲೆಂ’. ವೆಂಕಟೇಶ್ ಮಹಾ ವಿಶಾಖಪಟ್ಟಣದ ಒಂದೇ ಬಡಾವಣೆಯಲ್ಲಿ, ಬಹುಪಾಲು ಅಲ್ಲಿನ ನಿವಾಸಿಗಳನ್ನೇ ಹಾಕಿಕೊಂಡು ನಾಲ್ಕು ಪ್ರೇಮಕತೆ ಹೇಳಿದರು. ಶಾಲೆಯ ಮಕ್ಕಳದೊಂದು. ಬ್ರಾಹ್ಮಣರ ಹುಡುಗಿ, ಕ್ರೈಸ್ತರ ಹುಡುಗನದೊಂದು. ಮೂರನೆಯದು ಬ್ರಾಂದಿ ಅಂಗಡಿಯದು. ಮುಖ ಮುಚ್ಚಿಕೊಂಡು ಬಂದು ಬಾಟಲಿ ಕೇಳುವವಳ ಕಣ್ಣು ಮಾತ್ರ ಅಂಗಡಿ ಹುಡುಗನಿಗೆ ಕಾಣುತ್ತದೆ. ನಾಲ್ಕನೆಯದು ಮದುವೆಯಾಗದೆ ಐವತ್ತರ ಹತ್ತಿರ ಬಂದ ಅಟೆಂಡರ್ ಮತ್ತು ಅವನ ಮೇಲಧಿಕಾರಿಯದು. ಜಾತಿ, ಧರ್ಮ, ನೆರೆಹೊರೆಯ ನಾಲಿಗೆ, ಎಲ್ಲವೂ ಅಡ್ಡ ನಿಲ್ಲುತ್ತವೆ. ನಾಲ್ಕಕ್ಕೂ ಇರುವ ಗಂಟನ್ನು ಇಲ್ಲಿ ಬಿಚ್ಚುವುದಿಲ್ಲ, ನೋಡದವರು ಬೈದಾರು. ಜವಾಟಿನಿ ಬಯಸಿದ್ದು ಇಂಥದ್ದೇ ಇರಬೇಕು. ಇದೇ ಕತೆ 2022ರಲ್ಲಿ ‘ಮಾನ್ಸೂನ್ ರಾಗ’ ಎಂದು ಕನ್ನಡಕ್ಕೆ ಬಂತು, ಧನಂಜಯ, ರಚಿತಾ ರಾಮ್ ಅಂಥ ಪರಿಚಿತ ಮುಖಗಳೊಂದಿಗೆ. ತೆಲುಗಿನಲ್ಲಿ ಮುಖ್ಯಪಾತ್ರ ಆ ಬಡಾವಣೆಯದೇ ಆಗಿತ್ತು. ಅದನ್ನು ಬಿಟ್ಟು ಕತೆಯನ್ನಷ್ಟೇ ಕಿತ್ತು ತರುವುದು ಕಷ್ಟದ ಕೆಲಸ.

ಕನ್ನಡಕ್ಕೆ ಪೋಣಿಸುವ ಕಲೆ ಹೊಸದೇನಲ್ಲ. 1976ರಲ್ಲೇ ಪುಟ್ಟಣ್ಣ ಕಣಗಾಲರು ‘ಕಥಾಸಂಗಮ’ ಮಾಡಿದರು. ಗಿರಡ್ಡಿ ಗೋವಿಂದರಾಜರ ‘ಹಂಗು’, ವೀಣಾ ಎಲಬುರ್ಗಿಯವರ ‘ಅತಿಥಿ’, ಈಶ್ವರಚಂದ್ರರ ‘ಮುನಿತಾಯಿ’, ಮೂರು ಸಣ್ಣಕತೆಗಳು. 2019ರಲ್ಲಿ ರಿಷಬ್ ಶೆಟ್ಟಿ ಅದೇ ಹೆಸರಿನಲ್ಲಿ ಏಳು ಹೊಸ ನಿರ್ದೇಶಕರಿಗೆ ಅವಕಾಶ ಕೊಟ್ಟರು. ಪುಟ್ಟಣ್ಣನವರಲ್ಲಿ ದಾರ ಸಾಹಿತ್ಯದ್ದು, ರಿಷಬ್ ಅವರಲ್ಲಿ ಹೊಸ ನಿರ್ದೇಶಕರದ್ದು. ಊರಿನ ದಾರ ಎರಡರಲ್ಲೂ ಇಲ್ಲ.

ಬೆಂಗಳೂರಿನಲ್ಲಿ ಯಾರಾದರೂ ಮಾಡಹೊರಟರೆ ಕಬ್ಬನ್ ಪಾರ್ಕ್, ಚರ್ಚ್ ಸ್ಟ್ರೀಟ್‌ನಿಂದ ಶುರು ಮಾಡುವುದು ಬೇಡ, ಅದನ್ನು ರೀಲ್ಸ್‌ನವರು ಆಗಲೇ ಮುಗಿಸಿದ್ದಾರೆ. ಪೀಣ್ಯದ ಗಾರ್ಮೆಂಟ್ಸ್ ಗೇಟಿನ ಮುಂದೆ ಶಿಫ್ಟ್ ಬಿಡುವ ಹೊತ್ತಿಗೆ ನಿಲ್ಲಲಿ. ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಲೇಡೀಸ್ ಪೀಜಿಯ ಎದುರು, ಹತ್ತಕ್ಕೆ ಐದು ನಿಮಿಷ ಇರುವಾಗ ಬಂದು ನಿಲ್ಲುವ ಬೈಕುಗಳನ್ನು ನೋಡಲಿ. ವೈಟ್‌ಫೀಲ್ಡಿನಲ್ಲಿ ಅವಳ ಆಫೀಸು, ಕೆಂಗೇರಿಯಲ್ಲಿ ಅವನ ಮನೆ, ಇಬ್ಬರಿಗೂ ರಜೆ ಇರುವುದು ಭಾನುವಾರ ಒಂದೇ ಅನ್ನೋ ಜೋಡಿಯನ್ನು ಹಿಡಿದರೂ ಸಾಕು, ಐದು ನಿಮಿಷದ ಚಿತ್ರದಲ್ಲಿ ನಾಲ್ಕು ನಿಮಿಷ ಟ್ರಾಫಿಕ್ಕಿಗೇ ಹೋದೀತು.