ಮರಳು ಗಡಿಯಾರಗಳ ಗುಡಿ: ಇಟಲಿಯ ಒಂದು ಮೊದಲ ಆಲ್ಬಂ ಕೇಳುವವರಿಗೆ

ಪ್ರೊಗ್ರೆಸಿವ್ ರಾಕ್ ಎಂಬ, ಉದ್ದುದ್ದ ರಚನೆಗಳ ರಾಕ್ ಸಂಗೀತವನ್ನು ಕಲಿಯಲು ಕೂತವರು ಸಾಮಾನ್ಯವಾಗಿ ಇಂಗ್ಲೆಂಡಿನಿಂದ ಶುರುಮಾಡುತ್ತಾರೆ. ನಾನೂ ಹಾಗೆಯೇ ಶುರುಮಾಡಿದೆ. ಇಟಲಿಯ ಕಡೆ ಹೊರಳಿದ್ದು ತಡವಾಗಿ. ಹೊರಳಿದ ಮೇಲೆ ಅಲ್ಲೇ ನಿಂತುಬಿಟ್ಟೆ. ನನ್ನ ಜೊತೆಗೇ ಕಲಿಯುತ್ತಿರುವವರಿಗಾಗಿ ಒಂದೇ ಆಲ್ಬಮ್ಮನ್ನು ಕೈಗೆತ್ತಿಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ. ಜೆನೋವಾ ನಗರದ ‘ಇಲ್ ತೆಂಪಿಯೊ ದೆಲ್ಲೆ ಕ್ಲೆಸ್ಸಿದ್ರೆ’ ಎಂಬ ತಂಡ 2010ರಲ್ಲಿ ಬ್ಲ್ಯಾಕ್ ವಿಡೋ ರೆಕಾರ್ಡ್ಸ್ ಮೂಲಕ ಹೊರತಂದ ಆಲ್ಬಂ ಇದು. ತಂಡದ ಹೆಸರೇ ಆಲ್ಬಮ್ಮಿಗೂ ಹೆಸರು. ಬ್ಲ್ಯಾಕ್ ವಿಡೋ ಕೂಡ ಜೆನೋವಾದ್ದೇ. ಊರಿನ ಹಳೆಯ ಓಣಿಗಳ ನಡುವಿನ ವಿಯಾ ದೆಲ್ ಕಾಂಪೊದಲ್ಲಿ ಅವರ ಅಂಗಡಿ ಇದೆ.

ಹೆಸರು

ಮೊದಲು ಹೆಸರನ್ನು ಬಿಡಿಸೋಣ. ತೆಂಪಿಯೊ ಎಂದರೆ ಗುಡಿ. ಕ್ಲೆಸ್ಸಿದ್ರ ಎಂದರೆ ಮರಳು ಗಡಿಯಾರ, ಬಹುವಚನದಲ್ಲಿ ಕ್ಲೆಸ್ಸಿದ್ರೆ. ಪದದ ಬೇರು ಗ್ರೀಕಿನಲ್ಲಿದೆ. ಅಲ್ಲಿ ಅದರ ಅರ್ಥ ‘ನೀರುಗಳ್ಳ’, ಅಂದರೆ ನೀರನ್ನು ತೊಟ್ಟು ತೊಟ್ಟಾಗಿ ಇಳಿಸಿ ಹೊತ್ತು ತಿಳಿಸುವ ಪಾತ್ರೆ. ನಮ್ಮ ಗಳಿಗೆ ಬಟ್ಟಲು ಇದೇ ಮನೆತನದ್ದು, ಆದರೆ ಅದರ ಕೆಲಸ ತಿರುಗುಮುರುಗು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗಲು ಒಂದು ಗಳಿಗೆ ಹಿಡಿಯುತ್ತದೆ. ಒಂದು ಗಳಿಗೆಗೆ 24 ನಿಮಿಷ. ಎಲ್‌ಪಿ ರೆಕಾರ್ಡಿನ ಒಂದು ಮಗ್ಗುಲಿನಲ್ಲಿ ಹಿಡಿಸುವ ಸಂಗೀತವೂ ಹೆಚ್ಚುಕಡಿಮೆ ಅಷ್ಟೇ.

ಈ ಲೆಕ್ಕ ಹೇಳಲು ಕಾರಣವಿದೆ. ತಂಡದ ಹೆಸರು ಹುಟ್ಟಿದ್ದೇ ಅಂಥ ಒಂದು ಮಗ್ಗುಲಿನ ಕೊನೆಯಲ್ಲಿ.

1973ರಲ್ಲಿ ‘ಮ್ಯೂಜಿಯೊ ರೋಸೆನ್‌ಬಾಖ್’ ಎಂಬ ತಂಡ ರಿಕೋರ್ದಿ ಸಂಸ್ಥೆಯಿಂದ ‘ಜರಾತುಸ್ತ್ರ’ ಎಂಬ ಆಲ್ಬಂ ತಂದಿತು. ತಂಡದವರು ಲಿಗುರಿಯಾ ಕರಾವಳಿಯ ಪಶ್ಚಿಮ ತುದಿಯವರು, ಫ್ರಾನ್ಸಿನ ಗಡಿಗೆ ಅಂಟಿಕೊಂಡಂತಿರುವ ಬೋರ್ದಿಗೇರಾ ಕಡೆಯವರು. ರೆಕಾರ್ಡಿನ ಮೊದಲ ಮಗ್ಗುಲಿನ ತುಂಬ ಇಪ್ಪತ್ತು ನಿಮಿಷಕ್ಕೂ ಮಿಕ್ಕ ಒಂದೇ ರಚನೆಯಿದೆ. ಅದರಲ್ಲಿ ಐದು ಭಾಗಗಳು: ‘ಕೊನೆಯ ಮನುಷ್ಯ’, ‘ನಿನ್ನೆಯ ದೊರೆ’, ‘ಒಳಿತು ಕೆಡುಕುಗಳಾಚೆ’, ‘ಅತಿಮಾನವ’, ಐದನೆಯದಾಗಿ ‘ಮರಳು ಗಡಿಯಾರಗಳ ಗುಡಿ’. ಜರ್ಮನ್ ತತ್ತ್ವಜ್ಞಾನಿ ನೀಚೆಯ ಕೃತಿಯನ್ನು ಓದಿದವರಿಗೆ ಈ ಹೆಸರುಗಳು ಕೂಡಲೇ ಗುರುತು ಹತ್ತುತ್ತವೆ. ನೀಚೆ ತನ್ನ ‘ಜರಾತುಸ್ತ್ರ’ ಪುಸ್ತಕದ ಮೊದಲ ಭಾಗವನ್ನು 1883ರ ಆರಂಭದಲ್ಲಿ ಬರೆದದ್ದು ಜೆನೋವಾ ಹತ್ತಿರದ ರಾಪಾಲ್ಲೊ ಎಂಬ ಊರಿನಲ್ಲಿ. ಅದೂ ಇದೇ ಲಿಗುರಿಯಾ ಕರಾವಳಿ. ತೊಂಬತ್ತು ವರ್ಷಗಳ ನಂತರ ಅದೇ ಕರಾವಳಿಯ ಹುಡುಗರು ಆ ಪುಸ್ತಕವನ್ನು ರಾಕ್ ಸಂಗೀತಕ್ಕೆ ಅಳವಡಿಸಿದರು ಎಂದು ತಿಳಿದ ದಿನ ನಾನು ನಕಾಶೆ ತೆರೆದು ಎರಡು ಊರುಗಳ ನಡುವೆ ಬೆರಳಾಡಿಸುತ್ತ ಬಹಳ ಹೊತ್ತು ಕೂತಿದ್ದೆ.

ಆ ಆಲ್ಬಮ್ಮಿಗೆ ಬಂದ ಗತಿ ಬೇಸರದ್ದು. ಮುಖಪುಟದ ಚಿತ್ರಜೋಡಣೆಯಲ್ಲಿ ಮುಸೊಲಿನಿಯ ಪ್ರತಿಮೆಯ ಚಿತ್ರವೂ ಇತ್ತು, ಒಳಗೆ ನೀಚೆಯ ‘ಅತಿಮಾನವ’ ಇದ್ದ. ಆ ಕಾಲದ ಇಟಲಿಯ ಕಾವೇರಿದ ರಾಜಕೀಯದಲ್ಲಿ ತಂಡಕ್ಕೆ ಬಲಪಂಥದ ಬಣ್ಣ ಬಳಿಯಲು ಇಷ್ಟು ಸಾಕಾಯಿತು. ತಂಡ ಹೆಚ್ಚು ದಿನ ಬಾಳಲಿಲ್ಲ. ಆಗಿನ ಇಟಲಿಯಲ್ಲಿ ಇಂಥ ತಂಡಗಳು ಹಲವು. ಸೆಮಿರಾಮಿಸ್, ಆಲ್ಫಾತಾವ್ರುಸ್, ಬಿಲ್ಯೆತ್ತೊ ಪೆರ್ ಲಿನ್ಫೆರ್ನೊ, ಇವರೆಲ್ಲ ಆ ದಿನಗಳಲ್ಲಿ ಒಂದೊಂದೇ ಆಲ್ಬಂ ತಂದು ಮರೆಯಾದವರು. ಇಟಾಲಿಯನ್ ಪ್ರೊಗ್ರೆಸಿವ್ ಕಲಿಯುವಾಗ ಈ ‘ಒಂದೇ ಆಲ್ಬಂ’ ಎಂಬ ಮಾತು ಮತ್ತೆ ಮತ್ತೆ ಎದುರಾಗುತ್ತದೆ, ನೆನಪಿಟ್ಟುಕೊಳ್ಳಿ.

ಹೊಸ ತಂಡ, ಹಳೆಯ ಕಂಠ

2006ರಲ್ಲಿ ಜೆನೋವಾದಲ್ಲಿ ಕೀಬೋರ್ಡ್ ವಾದಕಿ ಎಲೀಸಾ ಮೊಂತಾಲ್ದೊ ಮತ್ತು ಬಾಸ್ ವಾದಕ ಗಾಬ್ರಿಯೆಲೆ ಗ್ವೀದಿ ಕೊಲೊಂಬಿ ಹೊಸ ತಂಡ ಕಟ್ಟಲು ಹೊರಟರು. ಹಾಡಲು ಬಂದವರು ಸ್ತೆಫಾನೊ ಗಾಲಿಫಿ, ಅಡ್ಡಹೆಸರು ‘ಲೂಪೊ’. ಲೂಪೊ ಎಂದರೆ ತೋಳ. 1973ರ ‘ಜರಾತುಸ್ತ್ರ’ದಲ್ಲಿ ಹಾಡಿದ್ದು ಇವರೇ. ಹೊಸ ತಂಡ ಮೊದಲು ಆ ಹಳೆಯ ರಚನೆಯನ್ನು ಇಡಿಯಾಗಿ ವೇದಿಕೆಯ ಮೇಲೆ ನುಡಿಸಿತು, ಆಮೇಲೆ ತನ್ನದೇ ಹಾಡುಗಳಿಗೆ ಕೈಹಾಕಿತು. ಆಲ್ಬಂ ಬರುವ ಹೊತ್ತಿಗೆ ಗ್ವೀದಿ ಕೊಲೊಂಬಿ ತಂಡದಲ್ಲಿರಲಿಲ್ಲ. ಅವರ ಜಾಗಕ್ಕೆ ಫಾಬಿಯೊ ಗ್ರೇಮೊ ಬಂದಿದ್ದರು. ಇವರು ಬಾಸ್ ಜೊತೆಗೆ ಕ್ಲಾಸಿಕಲ್ ಗಿಟಾರನ್ನೂ ನುಡಿಸುವವರು. ಗಿಟಾರಿಗೆ ಜೂಲಿಯೊ ಕಾನೆಪಾ, ಡ್ರಮ್ಸಿಗೆ ಪಾವೊಲೊ ತಿಕ್ಸಿ.

ಈ ಆಲ್ಬಂ ಹಳೆಯ ಇಟಾಲಿಯನ್ ಪ್ರೊಗ್ರೆಸಿವ್ ಸಂಗೀತದ ನಕಲು ಎಂದು ಹೇಳಿ ಮುಗಿಸುವವರಿದ್ದಾರೆ. ನನಗೆ ಹಾಗೆ ಕೇಳಿಸುವುದಿಲ್ಲ. ನಕಲು ಮಾಡುವವರು ಆರಂಭದಿಂದ ನಕಲು ಮಾಡುತ್ತಾರೆ. ಇವರು ಎತ್ತಿಕೊಂಡದ್ದು ಹಳೆಯ ರಚನೆಯ ಕೊನೆಯ ಭಾಗದ ಹೆಸರನ್ನು. ಅಲ್ಲಿ ರೆಕಾರ್ಡಿನ ಮುಳ್ಳು ಮೇಲೆದ್ದಿತ್ತು, ತಂಡ ಚದುರಿತ್ತು, ಗಾಯಕನ ಕಂಠ ಮುಂದೇನು ಹಾಡಬಹುದಿತ್ತು ಎಂಬುದು ಹಾಗೆಯೇ ಉಳಿದಿತ್ತು. 37 ವರ್ಷಗಳ ನಂತರ ಅಲ್ಲಿಂದ ಮುಂದಕ್ಕೆ ಎಳೆದ ಎಳೆಯಾಗಿ ಇದನ್ನು ಕೇಳಿ ನೋಡಿ.

ಪರೀಕ್ಷಿಸುವ ದಾರಿ ಸುಲಭ. ಮೊದಲು ‘ಜರಾತುಸ್ತ್ರ’ವನ್ನು ಕೇಳಿ, ಕೂಡಲೇ 2010ರ ಆಲ್ಬಮ್ಮಿನ ‘ಇನ್ಸೋಲಿತಾ ಪಾರ್ತೆ ದಿ ಮೆ’ ಹಾಕಿ. ಇಟಾಲಿಯನ್ ಪ್ರೊಗ್ರೆಸಿವ್ ಗಾಯಕರೆಂದರೆ ಬಾಂಕೊ ತಂಡದ ಫ್ರಾಂಚೆಸ್ಕೊ ದಿ ಜಾಕೊಮೊ ಅವರಂತೆ ಒಪೆರಾ ಛಾಯೆಯ, ಎತ್ತರದ, ತುಂಬುಕಂಠದವರು ಎಂಬ ಎಣಿಕೆ ನಮ್ಮಲ್ಲಿರುತ್ತದೆ. ಗಾಲಿಫಿ ಆ ಜಾತಿಯವರಲ್ಲ. ಅವರ ದನಿಯಲ್ಲಿ ಬ್ಲೂಸ್ ಸಂಗೀತದ ಗೊಗ್ಗರಿದೆ. ಎರಡನೆಯ ಹಾಡಿನಲ್ಲಿ ಆ ಗೊಗ್ಗರಿಗೆ ವಯಸ್ಸು ಸೇರಿಕೊಂಡಿದೆ. ಆ ವಯಸ್ಸನ್ನು ತಂಡ ಮುಚ್ಚಿಡಲು ಹೋಗಿಲ್ಲ, ಅದು ನನಗೆ ಬಹಳ ಹಿಡಿಸಿತು.

ಸಿಂಫೊನಿಕ್ ಎಂದರೇನು

ಈ ಆಲ್ಬಮ್ಮಿನ ಬಗೆಯ ಸಂಗೀತವನ್ನು ಸಿಂಫೊನಿಕ್ ಪ್ರೊಗ್ರೆಸಿವ್ ಎನ್ನುತ್ತಾರೆ. ವಾದ್ಯವೃಂದ ಇದ್ದರೆ ಸಿಂಫೊನಿಕ್ ಎಂದು ಹಲವರು ತಿಳಿಯುತ್ತಾರೆ. ಅಂಥದ್ದೂ ಇತ್ತು: ಜೆನೋವಾದವರೇ ಆದ ನ್ಯೂ ಟ್ರೋಲ್ಸ್ ತಂಡ 1971ರಲ್ಲಿ ಸಂಗೀತ ಸಂಯೋಜಕ ಲೂಯಿಸ್ ಬಕಲೋವ್ ಜೊತೆಗೂಡಿ ತಂತಿವಾದ್ಯವೃಂದದೊಂದಿಗೆ ‘ಕೊಂಚೆರ್ತೊ ಗ್ರೋಸ್ಸೊ’ ಎಂಬ ಆಲ್ಬಂ ಮಾಡಿತು. ಆದರೆ ಈ ಶೈಲಿಯಲ್ಲಿ ಸಿಂಫೊನಿಕ್ ಎಂಬ ಮಾತು ಕಟ್ಟಡಕ್ಕೆ ಸಂಬಂಧಿಸಿದ್ದು. ಪಲ್ಲವಿ-ಚರಣಗಳು ಸುತ್ತಿ ಸುತ್ತಿ ಬರುವ ಬದಲು ಒಂದು ರಾಗಖಂಡ ಹುಟ್ಟುತ್ತದೆ, ಬೇರೆ ವಾದ್ಯಕ್ಕೆ ದಾಟುತ್ತದೆ, ವೇಗ ಬದಲಿಸುತ್ತದೆ, ಕಾಣೆಯಾಗುತ್ತದೆ, ಕೊನೆಯಲ್ಲಿ ದೊಡ್ಡದಾಗಿ ಮರಳುತ್ತದೆ. ಈ ವಾದ್ಯವೃಂದದ ಕೆಲಸವನ್ನು ಬಹುಮಟ್ಟಿಗೆ ಹೊರುವುದು ಕೀಬೋರ್ಡ್.

ಕೀಬೋರ್ಡುಗಳ ಪೈಕಿ ಮೆಲ್ಲೊಟ್ರಾನ್ ಒಂದನ್ನು ಸ್ವಲ್ಪ ಒಳಹೊಕ್ಕು ನೋಡೋಣ. ಈ ಶೈಲಿಯ ನಾದಕ್ಕೆ ಅದೇ ಬುನಾದಿ. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ವಾದ್ಯ ಇದು. ಪ್ರತಿಯೊಂದು ಮನೆಯ ಕೆಳಗೂ ಒಂದೊಂದು ಟೇಪಿನ ಪಟ್ಟಿ ಇರುತ್ತದೆ. ಅದರಲ್ಲಿ ಪಿಟೀಲುಗಳೋ ಕೊಳಲೋ ಮನುಷ್ಯರ ಗುಂಪುಗಾಯನವೋ ನುಡಿಸಿದ ಒಂದೇ ಸ್ವರ ಮುದ್ರಿತವಾಗಿರುತ್ತದೆ. ಮನೆಯನ್ನು ಒತ್ತಿದರೆ ಟೇಪು ಓಡುತ್ತದೆ, ಬಿಟ್ಟರೆ ಸ್ಪ್ರಿಂಗು ಅದನ್ನು ಹಿಂದಕ್ಕೆಳೆಯುತ್ತದೆ. ಪಟ್ಟಿಯ ಉದ್ದ ಸುಮಾರು ಎಂಟು ಸೆಕೆಂಡಿನದು. ಎಂಟು ಸೆಕೆಂಡಿನ ಒಳಗೆ ಕೈ ಎತ್ತಲೇಬೇಕು, ಇಲ್ಲವಾದರೆ ಸ್ವರವೇ ನಿಂತುಹೋಗುತ್ತದೆ. ಟೇಪಿನ ಓಟದಲ್ಲಿ ಚೂರು ಅಲುಗಾಟವೂ ಇರುತ್ತದೆ. ಹಾಗಾಗಿ ಮೆಲ್ಲೊಟ್ರಾನಿನ ಪಿಟೀಲುಗಳು ನಿಜವಾದ ಪಿಟೀಲುಗಳಂತೆ ಕೇಳಿಸುವುದಿಲ್ಲ. ಗೋಡೆಯ ಆಚೆಯಿಂದ, ಮಂಜಿನೊಳಗಿಂದ ಬಂದಂತಿರುತ್ತವೆ. ಈ ಶೈಲಿಯಲ್ಲಿ ಕೆಳಗೆ ಹಾಸಿದ ಸ್ವರಮೇಳ ಕೆಲವು ಸೆಕೆಂಡಿಗೊಮ್ಮೆ ಉಸಿರಾಡಿದಂತೆ ಬದಲಾಗುವುದಕ್ಕೆ ಈ ಎಂಟು ಸೆಕೆಂಡಿನ ಮಿತಿಯ ಪಾಲೂ ಇದೆ ಎಂಬುದು ನನ್ನ ಎಣಿಕೆ. ಇಂದು ಅದೇ ನಾದವನ್ನು ಡಿಜಿಟಲ್ ವಾದ್ಯಗಳಿಂದ ಪಡೆಯಬಹುದು, ಮಿತಿಯೂ ಇಲ್ಲ. ಆದರೂ ವಾದಕರು ಹಳೆಯ ಉಸಿರಾಟದ ಅಳತೆಯಲ್ಲೇ ನುಡಿಸುವುದನ್ನು ಗಮನಿಸಿ.

ಹ್ಯಾಮಂಡ್ ಆರ್ಗನ್ನಿನದು ಬೇರೆ ಗುಣ. ಅದರ ಒಳಗೆ ಹಲ್ಲಿನ ಚಕ್ರಗಳು ತಿರುಗುತ್ತವೆ, ಹೊರಗೆ ಲೆಸ್ಲಿ ಎಂಬ ತಿರುಗುವ ಧ್ವನಿಪೆಟ್ಟಿಗೆ. ಸ್ವರಗಳು ಗುಡುಗುತ್ತ, ಸುತ್ತುತ್ತ ಬಂದರೆ ಅದು ಹ್ಯಾಮಂಡ್. ಒಂದೇ ಎಳೆಯಾಗಿ ಕೊಳಲಿನಂತೆ ಮೇಲೇರಿ ಬಳುಕಿದರೆ ಅದು ಮೂಗ್ ಎಂಬ ಸಿಂಥಸೈಜರ್.

ಭಾಷೆ: ಕನ್ನಡದ ಕಿವಿಗೆ ಒಂದು ಅನುಕೂಲ

ಇಟಾಲಿಯನ್ ಬಾರದೆ ಈ ಆಲ್ಬಂ ಕೇಳಬಹುದೇ ಎಂದು ಹಲವರು ಕೇಳುತ್ತಾರೆ. ಕೇಳಬಹುದು. ಕನ್ನಡದವರು ಕೆಲವು ವಿಷಯಗಳಲ್ಲಿ ಇಂಗ್ಲಿಷ್ ಮಾತಾಡುವವರಿಗಿಂತ ಚೆನ್ನಾಗಿಯೇ ಕೇಳಬಲ್ಲರು. ಇಟಾಲಿಯನ್ನಿನ ತ, ದಗಳು ನಮ್ಮ ತ, ದಗಳೇ. ‘ಟೆಂಪಿಯೊ’ ಎಂದು ಬರೆದರೆ ತಪ್ಪುತ್ತದೆ, ‘ತೆಂಪಿಯೊ’ ಸರಿ. ಎರಡನೆಯದು ಪದಾಂತ್ಯದ ಸ್ವರ. ಹಳಗನ್ನಡದ ಕಣ್, ಕಾಲ್, ನೀರ್ ಹೊಸಗನ್ನಡದಲ್ಲಿ ಕಣ್ಣು, ಕಾಲು, ನೀರು ಆದವಷ್ಟೆ. ಇಟಾಲಿಯನ್ ಪದಗಳೂ ಬಹುಪಾಲು ಸ್ವರದಲ್ಲೇ ಮುಗಿಯುತ್ತವೆ. ಗಾಯಕ ಪ್ರತಿಯೊಂದು ಪದದ ಕೊನೆಯಲ್ಲೂ ಬಾಯಿ ತೆರೆದೇ ಇರುತ್ತಾನೆ, ಬೇಕಾದಷ್ಟು ಎಳೆಯಬಲ್ಲ.

ಮೂರನೆಯದು ನನಗೆ ಅತ್ಯಂತ ಪ್ರಿಯವಾದದ್ದು: ಒತ್ತಕ್ಷರ. ಹಳಿ ಬೇರೆ, ಹಳ್ಳಿ ಬೇರೆ. ಹಾಗೆಯೇ ಇಟಾಲಿಯನ್ನಿನಲ್ಲಿ ‘ಪಾಲ’ ಎಂದರೆ ಸಲಿಕೆ, ‘ಪಲ್ಲ’ ಎಂದರೆ ಚೆಂಡು. ‘ನೋನೊ’ ಎಂದರೆ ಒಂಬತ್ತನೆಯವನು, ‘ನೊನ್ನೊ’ ಎಂದರೆ ಅಜ್ಜ. ನಾಲ್ಕನೆಯ ಹಾಡಿನ ಹೆಸರು ‘ಲೆ ದುಯೆ ಮೆತಾ ದಿ ಉನಾ ನೊತ್ತೆ’, ಎಂದರೆ ‘ಒಂದು ಇರುಳಿನ ಎರಡು ಅರ್ಧಗಳು’. ಇದನ್ನು ಬಾಯಿಬಿಟ್ಟು ಓದಿ ನೋಡಿ. ‘ನೊತ್ತೆ’ಯ ಒತ್ತು ಬರುವಲ್ಲಿ ನಾಲಿಗೆ ಹಲ್ಲಿಗೆ ತಾಗಿ ಒಂದು ಕ್ಷಣ ನಿಲ್ಲುತ್ತದೆ. ನಮ್ಮ ಛಂದಸ್ಸಿನ ಲೆಕ್ಕದಲ್ಲಿ ‘ನೊ’ ಗುರುವಾಯಿತು. ಹಾಡುಗಾರಿಕೆಯ ತೂಕ ಇರುವುದು ಇಂಥ ತಡೆಗಳಲ್ಲಿ.

ಹಾಡುಗಳ ಹೆಸರುಗಳು

ಆಲ್ಬಮ್ಮಿನಲ್ಲಿ ಹತ್ತು ರಚನೆಗಳಿವೆ. ‘ವೆರ್ಸೊ ಲಾಲ್ಬ’, ಎಂದರೆ ‘ಬೆಳಗಿನ ಕಡೆಗೆ’, ಮಾತಿಲ್ಲದ ಪೀಠಿಕೆ. ಅದರ ನಂತರ ಈಗಾಗಲೇ ಹೇಳಿದ ‘ಇನ್ಸೋಲಿತಾ ಪಾರ್ತೆ ದಿ ಮೆ’, ‘ನನ್ನ ಅಪರೂಪದ ಒಂದು ಭಾಗ’. ಐದನೆಯದು ‘ಲಾ ಸ್ತಾಂತ್ಸಾ ನಸ್ಕೋಸ್ತಾ’, ‘ಅಡಗಿದ ಕೋಣೆ’. ಸ್ತಾಂತ್ಸಾ ಎಂದರೆ ಕೋಣೆಯೂ ಹೌದು, ಪದ್ಯದ ನುಡಿಯೂ ಹೌದು. ಹೆಸರಿನಲ್ಲಿ ಎರಡೂ ಅರ್ಥ ಕೇಳಿಸಿಕೊಳ್ಳಬಹುದು.

ಆರನೆಯದರ ಹೆಸರು ಕಂಡಾಗ ನನಗೆ ರೋಮಾಂಚನವಾಯಿತು: ‘ದಾಂತ್ಸಾ ಎಜೊತೇರಿಕಾ ದಿ ದತೂರಾ’. ದತ್ತೂರದ ಗೂಢ ನೃತ್ಯ. ಇದು ನಮ್ಮ ದತ್ತೂರಿಯೇ, ಹಿತ್ತಿಲಿನ ಆಚೆ ಮುಳ್ಳುಕಾಯಿ ಬಿಟ್ಟುಕೊಂಡು ನಿಲ್ಲುವ ಗಿಡ. ಸಂಸ್ಕೃತದ ‘ಧತ್ತೂರ’ ಎಂಬ ಪದವೇ ಸಸ್ಯಶಾಸ್ತ್ರದ ಲ್ಯಾಟಿನ್ ಹೆಸರಿನ ಮೂಲ. ಲಿನೇಯಸ್ 1753ರಲ್ಲಿ ಬಳಸಿದ ಆ ಹೆಸರನ್ನೇ ಇಂದಿಗೂ ಎಲ್ಲ ದೇಶಗಳವರೂ ಬಳಸುತ್ತಾರೆ. ಕನ್ನಡದಲ್ಲಿ ಇದಕ್ಕೆ ಉಮ್ಮತ್ತಿ ಎಂಬ ಹೆಸರೂ ಇದೆ, ತಿಂದವರಿಗೆ ಹಿಡಿಯುವ ಉನ್ಮಾದವನ್ನು ಹೆಸರಿನಲ್ಲೇ ಹೊತ್ತದ್ದು. ಶಿವನ ಮುಡಿಗೆ ಏರುವ ಹೂವು ಜೆನೋವಾದ ಒಂದು ತಂಡದ ಹಾಡಿನೊಳಗೆ ಕುಣಿಯುತ್ತಿದೆ.

ಉಳಿದವುಗಳಲ್ಲಿ ‘ಲತ್ತೇಸಾ’ ಎಂದರೆ ಕಾಯುವಿಕೆ, ಕೊನೆಯ ‘ಅಂತೀದೊತೊ ಮೆಂತಾಲೆ’ ಮನಸ್ಸಿನ ಮದ್ದು. ಹೊಸಬರು ಹೆಚ್ಚು ಹೊತ್ತು ಕೊಡಬೇಕಾದದ್ದು ಒಂಬತ್ತನೆಯದಕ್ಕೆ, ‘ಇಲ್ ಚೆಂತ್ರೊ ಸೊತ್ತೀಲೆ’ಗೆ. ಹೆಸರಿನ ಅರ್ಥ ‘ಸೂಕ್ಷ್ಮ ಕೇಂದ್ರ’. ಹತ್ತು ನಿಮಿಷ ದಾಟುವ ದೊಡ್ಡ ರಚನೆ ಇದು. ಮೇಲೆ ಹೇಳಿದ ಕಟ್ಟಡವನ್ನು ಗುರುತಿಸಲು ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲಿ ಬೇರೆ ಸಿಗುವುದಿಲ್ಲ.

ಲಯದ ಬಗ್ಗೆ ಒಂದು ಮಾತು. ಈ ಶೈಲಿಯಲ್ಲಿ ಐದು, ಏಳರ ಎಣಿಕೆ ಸಾಮಾನ್ಯ, ಪಾಶ್ಚಾತ್ಯ ಕೇಳುಗರು ಅದನ್ನು ಕಷ್ಟವೆನ್ನುತ್ತಾರೆ. ಕರ್ನಾಟಕ ಸಂಗೀತದ ಪರಿಚಯವಿರುವವರಿಗೆ ಖಂಡಚಾಪು, ಮಿಶ್ರಚಾಪು ಕೈಗೆ ರೂಢಿಯಾಗಿರುತ್ತವೆ. ‘ತಕಿಟ ತಕಧಿಮಿ’ ಎಂದು ತೊಡೆ ತಟ್ಟುತ್ತ ಹೋದರೆ ಏಳು ಸಿಕ್ಕಿಬಿಡುತ್ತದೆ. ಕಷ್ಟ ಇರುವುದು ಬೇರೆ ಕಡೆ. ನಮ್ಮಲ್ಲಿ ಹಿಡಿದ ತಾಳ ಕೃತಿ ಮುಗಿಯುವವರೆಗೂ ಸಾಮಾನ್ಯವಾಗಿ ಬದಲಾಗುವುದಿಲ್ಲ. ಇಲ್ಲಿ ನಡುವೆಯೇ ಬದಲಾಗುತ್ತದೆ. ಕೈ ತಪ್ಪಿದ ಜಾಗವನ್ನು ನಿಮಿಷ, ಸೆಕೆಂಡಿನ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳಿ. ರಚನೆಯ ಹೊಸ ಭಾಗ ಶುರುವಾಗುವುದು ಬಹುತೇಕ ಅಲ್ಲೇ.

ಆಮೇಲೆ

2013ರಲ್ಲಿ ತಂಡದ ಎರಡನೆಯ ಆಲ್ಬಂ ‘ಅಲಿಯೆನಾತೂರಾ’ ಬಂದಾಗ ಹಾಡಿದವರು ಫ್ರಾಂಚೆಸ್ಕೊ ಚಾಪಿಕಾ. ಅದೇ ವರ್ಷ ಮ್ಯೂಜಿಯೊ ರೋಸೆನ್‌ಬಾಖ್ ಮತ್ತೆ ಕೂಡಿ ‘ಬಾರ್ಬಾರಿಕಾ’ ಎಂಬ ಹೊಸ ಆಲ್ಬಂ ತಂದಿತು, ಗಾಲಿಫಿ ಅಲ್ಲಿದ್ದರು. ಮೊಂತಾಲ್ದೊ, ಗ್ರೇಮೊ, ಕಾನೆಪಾ, ತಿಕ್ಸಿ ಮತ್ತು ಗಾಲಿಫಿ, ಈ ಐವರು ಜೊತೆಯಾಗಿ ಸ್ಟುಡಿಯೊದಲ್ಲಿ ಮಾಡಿದ್ದು 2010ರ ಆ ಒಂದೇ ಆಲ್ಬಂ.