ಡಬ್ಬಿ ಹಾಕಿದ್ದೀರಿ, ಸದ್ದು ಎಲ್ಲೂ ಹೋಗಿಲ್ಲ

ಹೋದ ವಾರ ಒಬ್ಬರು ಮೊಬೈಲ್ ಹಿಡಿದುಕೊಂಡು ನನ್ನ ಕೆಲಸದ ಮೇಜಿನ ಹತ್ತಿರ ಬಂದರು. ಅದರಲ್ಲಿ ಎರಡು ಫೋಟೋ. ಒಂದರಲ್ಲಿ 113, ಇನ್ನೊಂದರಲ್ಲಿ 108. ಸದ್ದು ಅಳೆಯುವ ಆ್ಯಪ್ ಅಂತೆ. ಮೊದಲನೆಯದು ಅವರ ಹತ್ತೂವರೆ ಇಂಚಿನ ಬ್ಯಾರೆಲ್ (ಗುಂಡು ಓಡುವ ಕೊಳವೆ) ಇರುವ ರೈಫಲ್‌ಗೆ ಬ್ರೇಕ್, ಅಂದರೆ ಒದೆ ಕಮ್ಮಿ ಮಾಡುವ ಮೂತಿಯ ಸಾಮಾನು, ಹಾಕಿದ್ದಾಗ ಬಂದ ಲೆಕ್ಕ. ಎರಡನೆಯದು ಸದ್ದನ್ನು ಮುಂದಕ್ಕೆ ತಳ್ಳುವ ಡಬ್ಬಿ ಹಾಕಿದ ಮೇಲಿನದು. "ನೋಡಿ, ಐದು ಡೆಸಿಬೆಲ್ ಇಳಿದುಬಿಟ್ಟಿದೆ. ಇನ್ಮೇಲೆ ಬರೀ ಇಯರ್‌ಪ್ಲಗ್ ಸಾಕಲ್ವಾ?" ಅಂದರು.

ಸಾಕಾಗಲ್ಲ. ಬಂದೂಕು ರಿಪೇರಿ ಕೆಲಸದಲ್ಲಿ ಇಷ್ಟು ವರ್ಷ ಕಳೆದ ಮೇಲೂ ಈ ಒಂದು ಮಾತನ್ನು ದಿನಾ ಹೇಳುತ್ತಲೇ ಇದ್ದೇನೆ. ಅದಕ್ಕೇ ಬರೆದೇ ಬಿಡೋಣ ಅನ್ನಿಸಿತು.

ಮೊದಲು ಆ ಮೊಬೈಲ್ ವಿಷಯ ಮುಗಿಸುತ್ತೇನೆ. ಮೊಬೈಲಿನ ಮೈಕ್ ಇರುವುದು ಮನುಷ್ಯರ ಮಾತು ಕೇಳುವುದಕ್ಕೆ. ಸುಮಾರು 120 ಡೆಸಿಬೆಲ್ ಆಸುಪಾಸಿಗೆ ಬರುವಷ್ಟರಲ್ಲಿ ಅದು ಕೈಚೆಲ್ಲುತ್ತದೆ. ರೈಫಲ್ ಈಡಿನ ಸದ್ದು ಸಾಮಾನ್ಯವಾಗಿ 155ರಿಂದ 170ರ ನಡುವೆ ಇರುತ್ತದೆ. ಅದರ ಏಟು ಸೆಕೆಂಡಿನ ಸಾವಿರದಲ್ಲೊಂದು ಭಾಗ ಆಗುವುದರೊಳಗೆ ಬಂದು ಹೋಗಿರುತ್ತದೆ. ಅದನ್ನು ಹಿಡಿಯಲು ಬೇರೆಯೇ ಮೈಕ್, ಬೇರೆಯೇ ಯಂತ್ರ ಬೇಕು. ಮೊಬೈಲ್ ತೋರಿಸಿದ 113 ಈಡಿನ ಸದ್ದಲ್ಲ, ಮೈಕ್ ಸೋತುಹೋದ ಜಾಗ. ಎರಡು ಸಲ ಸೋತಿದೆ, ಎರಡು ಬೇರೆ ಅಂಕೆ ಕೊಟ್ಟಿದೆ, ಅಷ್ಟೇ.

ಇನ್ನು ಅಸಲು ವಿಷಯ.

5.56 ಮಿಲಿಮೀಟರ್ ಗುಂಡಿನ ರೈಫಲ್ ಹುಟ್ಟಿದ್ದು 20 ಇಂಚಿನ ಬ್ಯಾರೆಲ್ ಜೊತೆ. ಗುಂಡು ಅಷ್ಟುದ್ದ ಓಡುವಾಗ ಹಿಂದಿನ ಮದ್ದು ಉರಿದು, ಹಿಗ್ಗಿ, ಮೂತಿ ಮುಟ್ಟುವ ಹೊತ್ತಿಗೆ ಒತ್ತಡ ತಕ್ಕಮಟ್ಟಿಗೆ ಇಳಿದಿರುತ್ತದೆ. ಅದೇ ಬ್ಯಾರೆಲನ್ನು ಹತ್ತು ಇಂಚಿಗೆ ಕತ್ತರಿಸಿದರೆ ಅನಿಲಕ್ಕೆ ಹಿಗ್ಗಲು ಜಾಗ ಸಿಗಲ್ಲ. ಗುಂಡು ಹೊರಬಿದ್ದ ಕೂಡಲೇ ಅಷ್ಟೂ ಒತ್ತಡ ಮೂತಿಯಿಂದ ಒಮ್ಮೆಲೇ ನುಗ್ಗುತ್ತದೆ. ಪೂರ್ತಿ ಉರಿಯದ ಬಿಸಿ ಅನಿಲ ಹೊರಗಿನ ಗಾಳಿ ಸಿಕ್ಕೊಡನೆ ಮತ್ತೆ ಹೊತ್ತಿಕೊಳ್ಳುತ್ತದೆ. ನೀವು ನೋಡುವ ಆ ದೊಡ್ಡ ಬೆಂಕಿಯುಂಡೆ ಅದೇ. ಗುಂಡಿನ ವೇಗವೂ ಹೋಯಿತು, ಕಿವಿಯೂ ಹೋಯಿತು. ಗಿಡ್ಡ ರೈಫಲ್ ಬೇಡ ಅಂತ ನಾನು ಹೇಳುತ್ತಿಲ್ಲ. ನನ್ನ ಹತ್ತಿರವೂ ಒಂದಿದೆ. ಗಿಡ್ಡ ಮಾಡಿದ್ದಕ್ಕೆ ಬೆಲೆ ತೆರಬೇಕು ಅಂತ ಮಾತ್ರ ಹೇಳುತ್ತಿದ್ದೇನೆ.

ಮೂತಿಗೆ ಹಾಕುವ ಸಾಮಾನುಗಳ ಬಗ್ಗೆ ನಿಮಗೆ ಗೊತ್ತೇ ಇರುತ್ತದೆ. ಬ್ರೇಕ್ ಅನಿಲವನ್ನು ಪಕ್ಕಕ್ಕೆ, ಒಂದಿಷ್ಟು ಹಿಂದಕ್ಕೂ ತಿರುಗಿಸುತ್ತದೆ. ಅದರಿಂದ ಹೆಗಲಿಗೆ ಒದೆ ಕಮ್ಮಿ, ಪಕ್ಕದವನಿಗೆ ಕಪಾಳಕ್ಕೆ ಹೊಡೆದ ಹಾಗೆ. ಫ್ಲ್ಯಾಶ್ ಹೈಡರ್ ಅನಿಲವನ್ನು ಚದುರಿಸಿ ಬೆಂಕಿಯನ್ನು ಸಣ್ಣದು ಮಾಡುತ್ತದೆ. ಲೀನಿಯರ್ ಕಂಪನ್ಸೇಟರ್, ಬ್ಲಾಸ್ಟ್ ಶೀಲ್ಡ್ ಅನ್ನುವವು ಅನಿಲವನ್ನು ಪಕ್ಕಕ್ಕೆ ಬಿಡದೆ ಕೊಳವೆಯೊಳಗೆ ಹಿಡಿದು ಗುಂಡಿನ ಹಿಂದೆಯೇ ಮುಂದಕ್ಕೆ ಕಳಿಸುತ್ತವೆ. ಇವನ್ನೇ ನಾನು ಡಬ್ಬಿ ಅನ್ನುವುದು.

ಡಬ್ಬಿ ಕೆಲಸ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಬ್ರೇಕ್ ತೆಗೆದು ಡಬ್ಬಿ ಹಾಕಿ ಹೊಡೆದರೆ ಮೊದಲ ಈಡಿಗೇ "ಅಬ್ಬಾ" ಅನ್ನುತ್ತೀರಿ. ಮುಖಕ್ಕೆ ಬಡಿಯುತ್ತಿದ್ದ ಗಾಳಿ ನಿಂತಿರುತ್ತದೆ. ಮೂಗಿನೊಳಗೆ, ಎದೆಯಲ್ಲಿ ಆಗುತ್ತಿದ್ದ ಆ ಗುದ್ದು ಇರಲ್ಲ. ಪಕ್ಕದ ಕಟ್ಟೆಯವನೂ ತಿರುಗಿ ನೋಡಿ ಬೈಯುವುದು ಬಿಡುತ್ತಾನೆ. ಎಡವಟ್ಟು ಶುರುವಾಗುವುದೇ ಇಲ್ಲಿ. ಮೈಗೆ ಹಿತವಾಯಿತು ಅಂದಮೇಲೆ ಕಿವಿಗೂ ಹಿತವಾಯಿತು ಅಂದುಕೊಳ್ಳುತ್ತಾರೆ.

ಒಬ್ಬ ನಿಮ್ಮ ಕಿವಿಯ ಹತ್ತಿರ ನಿಂತು ಕಿರುಚುತ್ತಿದ್ದಾನೆ ಅಂದುಕೊಳ್ಳಿ. ನೀವು ಅವನ ಮುಖವನ್ನು ಆಕಡೆ ತಿರುಗಿಸಿದಿರಿ. ನಿಮಗೆ ಸ್ವಲ್ಪ ಆರಾಮ. ಅವನು ಕಿರುಚುವುದು ನಿಲ್ಲಿಸಿದನಾ? ಇಲ್ಲ. ಡಬ್ಬಿ ಮಾಡುವುದೂ ಇಷ್ಟೇ, ಮುಖ ತಿರುಗಿಸುತ್ತದೆ. ಸಪ್ರೆಸರ್, ಅಂದರೆ ಜನ ಸೈಲೆನ್ಸರ್ ಅನ್ನುವುದು, ಮಾಡುವ ಕೆಲಸ ಬೇರೆ. ಅದು ಅನಿಲವನ್ನು ಗೂಡುಗೂಡಾಗಿ ತಡೆದು, ತಣಿಸಿ, ನಿಧಾನವಾಗಿ ಬಿಡುತ್ತದೆ. ಅದಕ್ಕೇ ಅದರಲ್ಲಿ 20ರಿಂದ 35 ಡೆಸಿಬೆಲ್‌ವರೆಗೆ ಇಳಿಯುತ್ತದೆ. ಡಬ್ಬಿಯಲ್ಲಿ ಶೂಟರ್‌ನ ಕಿವಿಯ ಹತ್ತಿರ ಇಳಿಯುವುದು ಕೆಲವೇ ಡೆಸಿಬೆಲ್.

ಒಂದು ಲೆಕ್ಕ ಹಾಕೋಣ. ಇದನ್ನು ನಾನು ಚೀಟಿಯ ಮೇಲೆ ಬರೆದು ಕೊಡುತ್ತೇನೆ, ಯಾಕೆಂದರೆ ಬಾಯಲ್ಲಿ ಹೇಳಿದರೆ ಯಾರೂ ನಂಬಲ್ಲ. ಡೆಸಿಬೆಲ್ ನಮ್ಮ ಮಾಮೂಲಿ ಕೂಡು-ಕಳೆ ಲೆಕ್ಕ ಅಲ್ಲ. 6 ಡೆಸಿಬೆಲ್ ಇಳಿದರೆ ಒತ್ತಡ ಅರ್ಧವಾಗುತ್ತದೆ. ಕಿವಿಯ ಹತ್ತಿರ 160 ಡೆಸಿಬೆಲ್ ಇದೆ ಅಂದರೆ ಅದು 2,000 ಪಾಸ್ಕಲ್ ಒತ್ತಡ. ಡಬ್ಬಿ ಧಾರಾಳವಾಗಿ 6 ಡೆಸಿಬೆಲ್ ಇಳಿಸಿತು ಅಂತಿಟ್ಟುಕೊಳ್ಳೋಣ. 154 ಆಯಿತು, ಅಂದರೆ 1,000 ಪಾಸ್ಕಲ್. ಅರ್ಧಕ್ಕರ್ಧ! ಖುಷಿಪಡುವ ವಿಷಯವೇ. ಆದರೆ ಈ ಥರದ ಸಿಡಿತದ ಸದ್ದಿಗೆ ಬರಿಗಿವಿಯ ಮಿತಿ ಅಂತ ಕೆಲಸದ ಜಾಗಗಳಲ್ಲಿ ಇಟ್ಟುಕೊಂಡಿರುವುದು 140 ಡೆಸಿಬೆಲ್. ಅದು 200 ಪಾಸ್ಕಲ್. ಮೊದಲು ಮಿತಿಯ ಹತ್ತು ಪಟ್ಟು ಇದ್ದಿರಿ, ಈಗ ಐದು ಪಟ್ಟಿಗೆ ಬಂದಿದ್ದೀರಿ. ಹತ್ತನೇ ಮಹಡಿಯಿಂದ ಬೀಳುವ ಬದಲು ಐದನೇ ಮಹಡಿಯಿಂದ ಬಿದ್ದಿರಿ. ಮಕ್ಕಳಿಗಂತೂ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಇನ್ನೂ ಕೆಳಗೆ, 120.

ಇಲ್ಲಿ ನಾನು ವೈದ್ಯ ಅಲ್ಲ ಅಂತ ಹೇಳಿಬಿಡಬೇಕು. ನಿಮ್ಮ ಕಿವಿಗೆ ಎಷ್ಟು ಏಟಾಗಿದೆ ಅಂತ ಪರೀಕ್ಷೆ ಮಾಡಿ ಹೇಳುವವರು ಬೇರೆ ಇದ್ದಾರೆ. ಯಾವ ರೈಫಲ್, ಯಾವ ಗುಂಡು, ಎಲ್ಲಿ ನಿಂತಿದ್ದೀರಿ ಅನ್ನುವುದರ ಮೇಲೆ ಅಂಕೆಗಳು ಆಚೀಚೆ ಆಗುತ್ತವೆ. ಮೇಲಿನ 160 ಲೆಕ್ಕಕ್ಕೆ ಸುಲಭ ಅಂತ ಹಿಡಿದದ್ದು. ಆದರೆ ಎಷ್ಟೇ ಆಚೀಚೆ ಆದರೂ ಡಬ್ಬಿಯೊಂದೇ ನಿಮ್ಮನ್ನು 140ರ ಕೆಳಗೆ ಇಳಿಸುವ ಗಿಡ್ಡ ರೈಫಲನ್ನು ನಾನಂತೂ ಕಂಡಿಲ್ಲ. ಸಪ್ರೆಸರ್ ಹಾಕಿದರೂ ತೀರ ಗಿಡ್ಡ 5.56ರಲ್ಲಿ ಖಾಲಿ ಕೇಸ್ ಹಾರುವ ಕಿಂಡಿಯಿಂದ ಬರುವ ಸದ್ದು ಕಿವಿಯ ಪಕ್ಕದಲ್ಲೇ ಇರುತ್ತದೆ. ಗುಂಡು ಸದ್ದಿನ ವೇಗ ಮೀರಿ ಹಾರುವಾಗ ಬರುವ ಛಟೀರ್ ಅನ್ನುವ ಶಬ್ದ ಇನ್ನೊಂದು. ಅದು ಹುಟ್ಟುವುದು ಮೂತಿಯ ಆಚೆ, ಹಾರುತ್ತಿರುವ ಗುಂಡಿನಿಂದ. ಮೂತಿಗೆ ಏನು ಸಿಕ್ಕಿಸಿದರೂ ಅದು ಕಮ್ಮಿಯಾಗಲ್ಲ.

ಮುಂದಕ್ಕೆ ಹೋದ ಸದ್ದು ಮುಂದೆಯೇ ಇರುತ್ತದಾ? ಬಯಲಲ್ಲಿ ಹೌದು, ಬಹುಮಟ್ಟಿಗೆ. ನಾಲ್ಕು ಗೋಡೆ, ಮೇಲೊಂದು ಸೂರು, ಎರಡೂ ಕಡೆ ತಡೆ ಇರುವ ಒಳಾಂಗಣ ಶೂಟಿಂಗ್ ರೇಂಜಿನಲ್ಲಿ ಹಾಗಾಗಲ್ಲ. ಹೋದದ್ದು ಕಾಂಕ್ರೀಟಿಗೆ ಬಡಿದು ವಾಪಸ್ ಬರುತ್ತದೆ. ಮೂತಿ ಪಕ್ಕದ ತಡೆಗಿಂತ ಹಿಂದಿದ್ದರೆ ಇನ್ನೂ ಕೆಟ್ಟದು. ಡಬ್ಬಿಯ ಲಾಭ ಬೇಕಿದ್ದರೆ ಮೂತಿ ತಡೆಯ ಅಂಚನ್ನು ದಾಟಿರಬೇಕು. ರೈಫಲ್ ಗಿಡ್ಡ ಆದಷ್ಟೂ ಜನ ಹಿಂದೆ ಹಿಂದೆ ನಿಲ್ಲುತ್ತಾರೆ, ಅದು ಯಾಕೋ ಗೊತ್ತಿಲ್ಲ.

ಗಿಡ್ಡ ರೈಫಲ್ ಮೂತಿಗೆ ಡಬ್ಬಿ ಹಾಕುವ ಯೋಚನೆ ಹೊಸದೇನೂ ಅಲ್ಲ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೇನೆಗೆ ಎಂ16 ರೈಫಲಿನ ಗಿಡ್ಡ ರೂಪ ಬಂತು. ಎಕ್ಸ್‌ಎಂ177 ಅಂತ. ಮೊದಲು 10 ಇಂಚಿನ ಬ್ಯಾರೆಲ್, ಆಮೇಲೆ ಹನ್ನೊಂದೂವರೆ. ಅದರ ಸದ್ದು, ಬೆಂಕಿ ತಡೆಯಲಾರದೆ ಮೂತಿಗೆ ನಾಲ್ಕು ಇಂಚಿಗೂ ಉದ್ದದ ಒಂದು ಡಬ್ಬಿ ಹಾಕಿದರು. ಅದು ಒಳಗೆ ಅನಿಲ ಹಿಗ್ಗಲು ಜಾಗ ಕೊಟ್ಟು ನಿಜವಾಗಲೂ ಸದ್ದು ಇಳಿಸುತ್ತಿತ್ತು. ಎಷ್ಟರಮಟ್ಟಿಗೆ ಅಂದರೆ, ಆಮೇಲೆ ಅಮೆರಿಕದ ಕಾನೂನು ಅದನ್ನು ಸಪ್ರೆಸರ್ ಗುಂಪಿಗೇ ಸೇರಿಸಿತು. ರಷ್ಯನ್ನರ ಎಕೆಎಸ್-74ಯು ಅನ್ನುವ ಗಿಡ್ಡ ರೈಫಲಿನ ಕತೆ ಇನ್ನೊಂದು ಥರ. ಸುಮಾರು 8 ಇಂಚಿನ ಬ್ಯಾರೆಲ್, ಮೂತಿಯಲ್ಲಿ ದಪ್ಪನೆಯ ಕೊಳವೆ. ಬೆಂಕಿ ಕಮ್ಮಿ ಮಾಡುವುದರ ಜೊತೆಗೆ, ಬಂದೂಕು ತಾನೇ ಮುಂದಿನ ಗುಂಡು ಹಾಕಿಕೊಳ್ಳುವಷ್ಟು ಒತ್ತಡ ಉಳಿಸುವುದೂ ಅದರ ಕೆಲಸ. ಅಂಗಡಿಯಲ್ಲಿ ಸಿಗುವ ಎಷ್ಟೋ ಡಬ್ಬಿಗಳು ನೋಡಲು ಇದರ ಹಾಗೇ ಇರುತ್ತವೆ. ನೋಡಲು.

ಡಬ್ಬಿ ಹಾಕಿದರೆ ಒದೆಯೂ ಕಮ್ಮಿಯಾಗುತ್ತದೆ ಅಂತ ನಂಬಿ ಬರುವವರಿದ್ದಾರೆ. ಉಲ್ಟಾ. ಅನಿಲ ನೇರ ಮುಂದಕ್ಕೆ ಹೋದರೆ ಬಂದೂಕು ಹಿಂದಕ್ಕೇ ತಳ್ಳುತ್ತದೆ. ಬ್ರೇಕ್‌ನಿಂದ ಬಂದವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಬೆಂಕಿ ಕಮ್ಮಿಯಾಗುವುದೂ ಖಾತ್ರಿ ಇಲ್ಲ. ಕೆಲವು ಡಬ್ಬಿಗಳು ಕತ್ತಲಲ್ಲಿ ಬ್ಯಾಟರಿ ಹಾಕಿದಂತೆ ಬೆಳಗುತ್ತವೆ.

ಹೋದ ತಿಂಗಳು ಬಂದ ಒಂದು ಡಬ್ಬಿಯನ್ನು ದೀಪದ ಕೆಳಗೆ ಹಿಡಿದು ನೋಡಿದೆ. ಮುಂದಿನ ಬಾಯಿಯ ಒಳಅಂಚಿನಲ್ಲಿ, ಗಡಿಯಾರದ ನಾಲ್ಕರ ಜಾಗದಲ್ಲಿ, ಉಗುರಿನಷ್ಟು ಉದ್ದಕ್ಕೆ ಒಂದು ತಾಮ್ರದ ಬಣ್ಣದ ಗೆರೆ. ಗುಂಡು ಉಜ್ಜಿಕೊಂಡು ಹೋಗಿತ್ತು. "ಗುರಿ ಯಾಕೋ ಚೆದುರುತ್ತಿದೆ" ಅಂತ ತಂದಿದ್ದರು. ಬಿಚ್ಚಿದರೆ ಡಬ್ಬಿಯ ಹಿಂದೆ ಎರಡು ಕ್ರಶ್ ವಾಷರ್ (ಬಿಗಿಸುವಾಗ ಜಜ್ಜಿಕೊಂಡು ಕೂರುವ ಲೋಹದ ಬಳೆ), ಒಂದರ ಮೇಲೊಂದು. ಆ ವಾಷರ್ ಒಂದೇ ಸಮ ಜಜ್ಜಿಕೊಳ್ಳಲ್ಲ, ಒಂದು ಕಡೆಗೆ ವಾಲುತ್ತದೆ. ಸಣ್ಣ ಫ್ಲ್ಯಾಶ್ ಹೈಡರ್‌ಗಾದರೆ ಆ ವಾಲು ಲೆಕ್ಕಕ್ಕೆ ಬರಲ್ಲ. ಡಬ್ಬಿ ಉದ್ದ ಆದಷ್ಟೂ ತುದಿಯಲ್ಲಿ ಅದೇ ವಾಲು ಜಾಸ್ತಿಯಾಗುತ್ತದೆ. ಹಾಕಿಸಿದ ಮೇಲೆ ಬ್ಯಾರೆಲ್ ಒಳಗೆ ಅಳತೆಯ ಸರಳು ತೂರಿಸಿ, ಅದು ಡಬ್ಬಿಯ ಬಾಯಿಯ ನಟ್ಟನಡುವೆ ಬರುತ್ತದಾ ಅಂತ ನೋಡಲು ಹೇಳಿ. ಎರಡು ನಿಮಿಷದ ಕೆಲಸ. ನೋಡದೆ ಕೊಟ್ಟರೆ ಬೇರೆಯವರ ಹತ್ತಿರ ಹೋಗಿ.

ಅಮೆರಿಕದಲ್ಲಿರುವವರಿಗೆ ಇನ್ನೊಂದು ಮಾತು. ಅಲ್ಲಿ ರೈಫಲ್ ಬ್ಯಾರೆಲ್ 16 ಇಂಚಿಗಿಂತ ಕಮ್ಮಿ ಇದ್ದರೆ ನೋಂದಣಿ ಬೇಕು. ಅದನ್ನು ತಪ್ಪಿಸಲು ಹದಿನಾಲ್ಕೂವರೆ ಇಂಚಿನ ಬ್ಯಾರೆಲ್‌ಗೆ ಮೂತಿಯ ಸಾಮಾನನ್ನು ಪಿನ್ ಹಾಕಿ ವೆಲ್ಡ್ ಮಾಡಿಸಿ 16 ದಾಟಿಸುತ್ತಾರೆ. ಕಾನೂನಿಗೆ ಸರಿಯೇ. ಆದರೆ ಒಂದು ಸಲ ವೆಲ್ಡ್ ಆಯಿತು ಅಂದರೆ ಅದು ಬಿಚ್ಚಲು ಬರಲ್ಲ. ಆರು ತಿಂಗಳು ಬಿಟ್ಟು "ಸಪ್ರೆಸರ್ ಹಾಕಬೇಕು, ಇದನ್ನು ತೆಗೆದುಕೊಡಿ" ಅಂತ ಬಂದರೆ ನಾನು ಬ್ಯಾರೆಲ್ ಸಮೇತ ಅಳಬೇಕಾಗುತ್ತದೆ. ಯಾವ ಸಾಮಾನು ಅಂತ ಯೋಚನೆ ಮಾಡಿ ಬನ್ನಿ. ಕಾಯಿದೆಯ ಸೂಕ್ಷ್ಮ ನನ್ನನ್ನಲ್ಲ, ವಕೀಲರನ್ನು ಕೇಳಿ.

ಸದ್ದೇ ನಿಮ್ಮ ಚಿಂತೆ ಆಗಿದ್ದರೆ ಡಬ್ಬಿ ಹುಡುಕುವ ಮೊದಲು ಬ್ಯಾರೆಲ್ ನೋಡಿ. ಹತ್ತು ಇಂಚೇ ಯಾಕೆ ಬೇಕು? ಹದಿನಾಲ್ಕು ಆಗಲ್ವಾ? ಗಿಡ್ಡವೇ ಬೇಕು ಅಂದರೆ ಗಿಡ್ಡ ಬ್ಯಾರೆಲ್‌ಗೆಂದೇ ಮಾಡಿದ .300 ಬ್ಲ್ಯಾಕ್‌ಔಟ್ ಅನ್ನುವ ಗುಂಡು ಇದೆ. ಅದರ ಮದ್ದು ಒಂಬತ್ತು ಇಂಚಿನೊಳಗೆ ಹೆಚ್ಚುಕಮ್ಮಿ ಉರಿದು ಮುಗಿಯುತ್ತದೆ. ಇದನ್ನು ಹೇಳಿದರೆ ಜನ ಮುಖ ಸಣ್ಣ ಮಾಡುತ್ತಾರೆ. ಬಂದಿರುವುದು ಡಬ್ಬಿ ಕೊಳ್ಳಲು, ಬುದ್ಧಿ ಕೇಳಲು ಅಲ್ಲವಲ್ಲ.

ಮೊಬೈಲ್ ತಂದವರಿಗೂ ಚೀಟಿ ಬರೆದು ಕೊಟ್ಟೆ. ಎರಡು ಸಲ ಓದಿದರು. ಇಯರ್‌ಪ್ಲಗ್ ಹಾಕಿ ಅದರ ಮೇಲೆ ಇಯರ್‌ಮಫ್ ಹಾಕಿ ಅಂದೆ. ಎರಡೂ ಹಾಕಿದರೆ ಎರಡರ ಲೆಕ್ಕ ಕೂಡಲ್ಲ, ಒಂದಕ್ಕಿಂತ ಸುಮಾರು 5 ಡೆಸಿಬೆಲ್ ಮಾತ್ರ ಜಾಸ್ತಿ ಸಿಗುತ್ತದೆ ಅಂತಲೂ ಹೇಳಿದೆ. "ಡಬ್ಬಿ ಕೊಟ್ಟದ್ದೂ ಅಷ್ಟೇ ಅಲ್ವಾ" ಅಂದರು. ಹೌದು, ಆದರೆ ಇಯರ್‌ಮಫ್ ಗೋಡೆಗೆ ಬಡಿದು ಬಂದ ಸದ್ದನ್ನೂ ತಡೆಯುತ್ತದೆ ಅಂದೆ.

ಹೋಗುವಾಗ ಅವರು ಬಾಗಿಲ ಹತ್ತಿರ ನಿಂತು ಏನೋ ಕೇಳಿದರು. ನನಗೆ ಕೇಳಿಸಲಿಲ್ಲ. ಬಲಗೈಯಲ್ಲಿ ಹೊಡೆಯುವವರ ತಲೆ ಪಕ್ಕಕ್ಕೆ ತಿರುಗಿರುತ್ತದೆ, ಮೂತಿಗೆ ಎಡಗಿವಿ ಹತ್ತಿರ, ಬಲಗಿವಿ ತಲೆಯ ಮರೆಯಲ್ಲಿ. ಚಿಕ್ಕವನಿದ್ದಾಗ ನಾನು ಏನೂ ಹಾಕಿಕೊಳ್ಳದೆ ಹೊಡೆದವನು. ಅವರು ವಾಪಸ್ ಬಂದು ನನ್ನ ಬಲಗಡೆ ನಿಂತು ಮತ್ತೆ ಕೇಳಿದರು. ಇಯರ್‌ಮಫ್ ಎರಡು ಜೊತೆ ಬೇಕಿತ್ತಂತೆ, ಮಗಳೂ ರೇಂಜಿಗೆ ಬರುತ್ತಾಳಂತೆ.